ಬಂದೂಕಿಲ್ಲದ ಸಾಕ್ಷಿಗಳು: ‘ಮಿಸ್ಟರ್ ಪಿಪ್’ ಕಾದಂಬರಿಯೂ ಬೋಗನ್‌ವಿಲ್‌ನ ಶಾಂತಿಯೂ



ನಮ್ಮ ಅನೇಕ ದೇವಾಲಯಗಳ ಆವರಣದ ಗೋಡೆಯ ಮೇಲೆ ಹಬ್ಬಿ, ಬೇಸಿಗೆಯಲ್ಲಿ ಕೆಂಪಾಗಿ ನೇರಳೆಯಾಗಿ ಅರಳುವ ಕಾಗದದ ಹೂವನ್ನು ನೀವೆಲ್ಲ ಬಲ್ಲಿರಿ. ಬೋಗನ್‌ವಿಲ್ಲಾ ಎಂಬ ಅದರ ಹೆಸರು ಹದಿನೆಂಟನೆಯ ಶತಮಾನದ ಫ್ರೆಂಚ್ ನಾವಿಕನೊಬ್ಬನಿಂದ ಬಂದದ್ದು. ಅದೇ ನಾವಿಕನ ಹೆಸರನ್ನು ಹೊತ್ತ ದ್ವೀಪವೊಂದು ಆಸ್ಟ್ರೇಲಿಯಾದ ಈಶಾನ್ಯಕ್ಕೆ, ಪೆಸಿಫಿಕ್ ಸಾಗರದಲ್ಲಿ ಇದೆ. ಭೌಗೋಳಿಕವಾಗಿ ಅದು ಸಾಲೊಮನ್ ದ್ವೀಪಗಳ ಸಾಲಿಗೆ ಸೇರಿದ್ದರೂ ಆಡಳಿತದಲ್ಲಿ ಪಪುವಾ ನ್ಯೂಗಿನಿಯ ಭಾಗ. ಜನರಲ್ಲಿ ಬಹುಪಾಲು ಕಥೋಲಿಕರು. ದ್ವೀಪದ ಹೆಚ್ಚಿನ ಭಾಗಗಳಲ್ಲಿ ಭೂಮಿಯ ಹಕ್ಕು ತಾಯಿಯ ವಂಶದಲ್ಲಿ ಇಳಿದುಬರುತ್ತದೆ. ಕರಾವಳಿಯ ಓದುಗರಿಗೆ ಅಳಿಯಸಂತಾನ ಪದ್ಧತಿಯ ನೆನಪಾದರೆ ಆಶ್ಚರ್ಯವಿಲ್ಲ. 1988ರ ಕೊನೆಯಿಂದ ಸುಮಾರು ಹತ್ತು ವರ್ಷಗಳ ಕಾಲ ಈ ದ್ವೀಪದಲ್ಲಿ ಪ್ರತ್ಯೇಕತೆಗಾಗಿ ನಡೆದ ಯುದ್ಧದಲ್ಲಿ ಹತ್ತರಿಂದ ಇಪ್ಪತ್ತು ಸಾವಿರ ಜನ ಸತ್ತರೆಂಬ ಅಂದಾಜುಗಳಿವೆ. ಅವರಲ್ಲಿ ಗುಂಡೇಟಿನಿಂದ ಸತ್ತವರಿಗಿಂತ ಔಷಧಿಯಿಲ್ಲದೆ ಸತ್ತವರೇ ಹೆಚ್ಚು.

ಈ ಯುದ್ಧವನ್ನು ಹೊರಜಗತ್ತಿನ ಓದುಗರ ಮನೆಬಾಗಿಲಿಗೆ ತಂದ ಕೃತಿ ನ್ಯೂಜಿಲೆಂಡಿನ ಲೇಖಕ ಲಾಯ್ಡ್ ಜೋನ್ಸ್ ಅವರ ‘ಮಿಸ್ಟರ್ ಪಿಪ್’ ಎಂಬ ಇಂಗ್ಲಿಷ್ ಕಾದಂಬರಿ. 2006ರಲ್ಲಿ ಪ್ರಕಟವಾದ ಇದು ಮರುವರ್ಷ ಕಾಮನ್‌ವೆಲ್ತ್ ಲೇಖಕರ ಪ್ರಶಸ್ತಿಯನ್ನು ಪಡೆದು, ಬೂಕರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲೂ ಸ್ಥಾನ ಗಳಿಸಿತು; 2012ರಲ್ಲಿ ಚಲನಚಿತ್ರವಾಯಿತು. ಶಾಂತಿಯ ಬಗ್ಗೆ ಆಲೋಚಿಸುವವರು ಅಗತ್ಯವಾಗಿ ಓದಬೇಕಾದ ಕೃತಿಯಿದು. ಅದರ ಗುಣಕ್ಕಾಗಿ ಎಷ್ಟೋ, ಅದು ಹೇಳದೆ ಬಿಟ್ಟ ಸಂಗತಿಗಾಗಿಯೂ ಅಷ್ಟೇ.

ಕಥೆಯನ್ನು ಹೇಳುವವಳು ಮಟಿಲ್ಡಾ ಎಂಬ ಹದಿಮೂರರ ಬಾಲೆ. ಸರ್ಕಾರ ದ್ವೀಪಕ್ಕೆ ದಿಗ್ಬಂಧನ ಹಾಕಿದೆ. ದೋಣಿಗಳಿಲ್ಲ, ವಿದ್ಯುತ್ತಿಲ್ಲ, ಶಾಲೆಗೆ ಶಿಕ್ಷಕರಿಲ್ಲ. ಊರಿನಲ್ಲಿ ಉಳಿದಿರುವ ಒಬ್ಬನೇ ಬಿಳಿಯ ಮನುಷ್ಯ ವಾಟ್ಸ್ ಮಕ್ಕಳನ್ನು ಕೂಡಿಸಿಕೊಂಡು ಚಾರ್ಲ್ಸ್ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯನ್ನು ಓದಿ ಹೇಳುತ್ತಾನೆ. ಅದರ ನಾಯಕ ಪಿಪ್ ಎಂಬ ಅನಾಥ ಹುಡುಗ ಮಟಿಲ್ಡಾಳಿಗೆ ಒಡಹುಟ್ಟಿದವನಷ್ಟು ಹತ್ತಿರವಾಗುತ್ತಾನೆ. ಅವನ ಹೆಸರನ್ನು ಅವಳು ಕಡಲತೀರದ ಮರಳಿನ ಮೇಲೆ ದೊಡ್ಡದಾಗಿ ಮೂಡಿಸುತ್ತಾಳೆ. ಸರ್ಕಾರಿ ಸೈನಿಕರು ಅದನ್ನು ಕಂಡು ಪಿಪ್ ಎಂಬವನು ಅಡಗಿರುವ ಬಂಡುಕೋರನೆಂದು ಭಾವಿಸಿ, ಅವನನ್ನು ಒಪ್ಪಿಸಿರೆಂದು ಹಟ ಹಿಡಿಯುತ್ತಾರೆ. ಪುಸ್ತಕವನ್ನು ತೋರಿಸಿದರೆ ಸಂಶಯ ತೀರುತ್ತಿತ್ತು. ಆದರೆ ಪುಸ್ತಕ ಕಾಣೆಯಾಗಿದೆ. ಅದನ್ನು ಬಚ್ಚಿಟ್ಟವಳು ಮಟಿಲ್ಡಾಳ ತಾಯಿ ಡೊಲೊರೆಸ್.

ಡೊಲೊರೆಸ್ ಕಟ್ಟಾ ವಿಶ್ವಾಸಿ. ದೇವರನ್ನು ನಂಬದ ಮೇಷ್ಟ್ರೊಬ್ಬ ತನ್ನ ಮಗಳ ಮನಸ್ಸನ್ನು ಕದಿಯುತ್ತಿದ್ದಾನೆಂಬ ಸಂಕಟ ಅವಳದು. ಆ ಸಂಕಟವೇ ಹಟವಾಗಿ, ಹಟ ಮೌನವಾಗಿ, ಕಣ್ಣೆದುರೇ ಊರಿನ ಮನೆಗಳು ಸುಟ್ಟುಹೋಗುವಾಗಲೂ ಅವಳು ಬಾಯಿ ಬಿಡುವುದಿಲ್ಲ. ಪುಸ್ತಕವೆಲ್ಲಿದೆಯೆಂದು ಅರಿತ ಮಗಳೂ ಬಿಡುವುದಿಲ್ಲ. ಪಾಪನಿವೇದನೆಗೆ ಮುನ್ನ ನಾವು ಆತ್ಮಶೋಧನೆ ಮಾಡಿಕೊಳ್ಳುವಾಗ ಆಡಿದ ಮಾತುಗಳನ್ನು ಲೆಕ್ಕ ಹಾಕುತ್ತೇವೆ, ಆಡದೆ ಉಳಿಸಿದ ಮಾತುಗಳನ್ನು ಮರೆಯುತ್ತೇವೆ. ಈ ಅಧ್ಯಾಯ ಆ ಮರೆವನ್ನು ಕಲಕುತ್ತದೆ. ಮುಂದೆ ಸೈನಿಕರು ಮರಳಿ ಬಂದು ವಾಟ್ಸ್‌ನನ್ನು ಕ್ರೂರವಾಗಿ ಕೊಂದಾಗ ಊರಿಗೆ ಊರೇ ತಲೆತಗ್ಗಿಸಿ ನಿಂತಿರುತ್ತದೆ. ಆಗ ಮುಂದೆ ಬಂದು, ನಡೆದದ್ದನ್ನು ನಾನು ಕಂಡಿದ್ದೇನೆ, ಸತ್ತವನು ಒಳ್ಳೆಯವನು, ನಾನು ದೇವರ ಸಾಕ್ಷಿಯಾಗಿ ನಿಂತಿದ್ದೇನೆ ಎಂಬ ಅರ್ಥದಲ್ಲಿ ಹೇಳುವವಳು ಅದೇ ಡೊಲೊರೆಸ್. ಅದಕ್ಕಾಗಿ, ಮಗಳನ್ನು ಉಳಿಸುವುದಕ್ಕಾಗಿ, ಅವಳು ತನ್ನ ಪ್ರಾಣವನ್ನೇ ತೆರುತ್ತಾಳೆ. (ಈ ಪುಟಗಳು ಅತ್ಯಂತ ಘೋರವಾಗಿವೆ. ಮಕ್ಕಳ ಕೈಗೆ ಪುಸ್ತಕವನ್ನು ಕೊಡುವ ಮುನ್ನ ಹಿರಿಯರು ಓದಿ ನೋಡುವುದು ಒಳ್ಳೆಯದು.)

ಕಾದಂಬರಿಯನ್ನು ಹೊಗಳಿದ ಬಹುಮಂದಿ ಡಿಕನ್ಸ್‌ನ ಪುಸ್ತಕದ ಮಹಿಮೆಯನ್ನೂ ವಾಟ್ಸ್‌ನ ಔದಾರ್ಯವನ್ನೂ ಕೊಂಡಾಡಿದ್ದಾರೆ. ನನ್ನ ಮಟ್ಟಿಗೆ ಕೃತಿಯ ಜೀವವಿರುವುದು ಡೊಲೊರೆಸಳಲ್ಲಿ. ಆದರೆ ಲೇಖಕರು ಅವಳನ್ನು ಒಂಟಿಯಾಗಿಸಿಬಿಟ್ಟರು. ಅವಳು ಸಾಯುತ್ತಾಳೆ, ಮಟಿಲ್ಡಾ ಪ್ರವಾಹದಿಂದ ಪಾರಾಗಿ ದೋಣಿಯೇರಿ ಆಸ್ಟ್ರೇಲಿಯಾ ಸೇರುತ್ತಾಳೆ, ದ್ವೀಪ ಕಣ್ಮರೆಯಾಗುತ್ತದೆ. ಅಲ್ಲಿ ಮುಂದೆ ಶಾಂತಿ ಹೇಗೆ ಬಂದಿತು? ಕಾದಂಬರಿಯನ್ನಷ್ಟೇ ಓದಿ ಮುಚ್ಚಿಟ್ಟವರಿಗೆ, ಆ ಊರಿನಲ್ಲಿ ಬಲಿಯಾಗುವವರು ಮಾತ್ರವೇ ಇದ್ದರು, ಶಾಂತಿಯನ್ನು ಕಟ್ಟಬಲ್ಲವರು ಇರಲಿಲ್ಲ ಎಂಬ ಭಾವನೆ ಉಳಿಯುತ್ತದೆ. ಇದು ಕೃತಿಯ ದೊಡ್ಡ ಕೊರತೆ. ಏಕೆಂದರೆ ನಿಜವಾದ ಬೋಗನ್‌ವಿಲ್‌ನಲ್ಲಿ ಡೊಲೊರೆಸಳಂಥ ತಾಯಂದಿರು ನೂರಾರು ಮಂದಿ ಇದ್ದರು, ಮತ್ತು ಅವರು ಒಂಟಿಯಾಗಿರಲಿಲ್ಲ.

ಜಗಳದ ಬೇರು ಪಾಂಗುನಾ ಎಂಬಲ್ಲಿನ ತಾಮ್ರದ ಗಣಿಯಲ್ಲಿತ್ತು. 1972ರಲ್ಲಿ ಉತ್ಪಾದನೆ ಆರಂಭಿಸಿದ ಆ ಬೃಹತ್ ಗಣಿಯ ಕಸ ನದಿಯನ್ನು ಹೂತುಹಾಕಿತು. ಲಾಭ ದ್ವೀಪದ ಹೊರಗೆ ಹರಿಯಿತು. 1975ರಲ್ಲಿ ಪಪುವಾ ನ್ಯೂಗಿನಿ ಸ್ವತಂತ್ರವಾಗುವ ಮುನ್ನವೇ ದ್ವೀಪದವರು ಪ್ರತ್ಯೇಕ ರಾಷ್ಟ್ರವನ್ನು ಘೋಷಿಸಿಕೊಂಡಿದ್ದರು. ಮನ್ನಣೆ ದೊರೆಯದೆ ಅದು ನಿಂತುಹೋಯಿತು. ಗಣಿಯಲ್ಲಿ ನೌಕರನಾಗಿದ್ದ ಫ್ರಾನ್ಸಿಸ್ ಓನಾ 1988ರಲ್ಲಿ ವಿದ್ಯುತ್ ಗೋಪುರಗಳನ್ನು ಸ್ಫೋಟಿಸುವುದರೊಂದಿಗೆ ಬಂಡಾಯ ಆರಂಭವಾಯಿತು. 1989ರಲ್ಲಿ ಗಣಿ ಮುಚ್ಚಿತು, 1990ರಲ್ಲಿ ದಿಗ್ಬಂಧನ ಬಿದ್ದಿತು. ಮುಂದೆ ದ್ವೀಪದವರೇ ಎರಡು ಪಾಳೆಯಗಳಾಗಿ ಒಡೆದು ಒಬ್ಬರನ್ನೊಬ್ಬರು ಕೊಂದರು.

ಸಂಧಾನದ ಪ್ರಯತ್ನಗಳೂ ಒಂದರ ಮೇಲೊಂದು ಮುರಿದುಬಿದ್ದವು. 1990ರಲ್ಲಿ ನ್ಯೂಜಿಲೆಂಡಿನ ನೌಕೆಯ ಮೇಲೆ ಮಾತುಕತೆ ನಡೆಯಿತು, ಉಳಿಯಲಿಲ್ಲ. 1994ರಲ್ಲಿ ಫಿಜಿ, ಟೊಂಗಾ, ವನುವಾಟುಗಳ ಸಶಸ್ತ್ರ ಸೈನಿಕರ ಕಾವಲಿನಲ್ಲಿ ಅರಾವಾ ಪಟ್ಟಣದಲ್ಲಿ ಸಮ್ಮೇಳನ ನಡೆದಾಗ ಬಂಡುಕೋರರ ಪ್ರಮುಖ ನಾಯಕರು ಬರಲೇ ಇಲ್ಲ. ನಡುವೆ ನಿಂತು ಎರಡೂ ಕಡೆಯವರೊಡನೆ ಮಾತನಾಡುತ್ತಿದ್ದ ಪ್ರಾಂತ್ಯದ ಮುಖ್ಯಸ್ಥ ಥಿಯೊಡೋರ್ ಮಿರಿಯುಂಗ್ 1996ರ ಅಕ್ಟೋಬರಿನಲ್ಲಿ ಕೊಲೆಯಾದರು. ಮರುವರ್ಷ ಸರ್ಕಾರ ವಿದೇಶಿ ಬಾಡಿಗೆ ಸೈನಿಕರನ್ನು ಕರೆಸಲು ಹೊರಟಾಗ ಅದರ ಸೇನೆಯೇ ತಿರುಗಿಬಿದ್ದು, ಪ್ರಧಾನಿ ಜೂಲಿಯಸ್ ಚಾನ್ ಅಧಿಕಾರದಿಂದ ಪಕ್ಕಕ್ಕೆ ಸರಿಯಬೇಕಾಯಿತು. ಆಗಷ್ಟೇ ಎಲ್ಲರಿಗೂ ಯುದ್ಧ ಸಾಕಾಗಿತ್ತು.

ಆದರೆ ಸಾಕೆಂಬ ಮಾತನ್ನು ಮೊದಲು ಆಡಿದವರು ತಾಯಂದಿರು. ಕಾಡಿಗೆ ನಡೆದುಹೋಗಿ, ಅಡಗಿದ್ದ ಗಂಡುಮಕ್ಕಳನ್ನು ಮನೆಗೆ ಮರಳುವಂತೆ ಬೇಡಿದವರು ಅವರು. 1996ರ ಆಗಸ್ಟಿನಲ್ಲಿ ಕಥೋಲಿಕ ಹಾಗೂ ಇತರ ಸಭೆಗಳ ಸುಮಾರು 700 ಸ್ತ್ರೀಯರು ಅರಾವಾದಲ್ಲಿ ಒಟ್ಟುಗೂಡಿದರು. ಅಂತರಸಭೆಗಳ ಈ ಮಹಿಳಾ ವೇದಿಕೆಯಲ್ಲಿ ದುಡಿದ ನಜರೇತಿನ ಭಗಿನಿಯರ ಸಭೆಯ ಧರ್ಮಭಗಿನಿ ಲೊರೇನ್ ಗರಾಸು ಈ ಚರಿತ್ರೆಯನ್ನು ಸ್ವತಃ ಬರೆದಿಟ್ಟಿದ್ದಾರೆ. ಭೂಮಿ ತಾಯಿಯದಾಗಿರುವ ಸಮಾಜದಲ್ಲಿ, ಆ ಭೂಮಿಗಾಗಿ ಹೋರಾಡುತ್ತೇವೆನ್ನುವ ಮಗ ತಾಯಿಯ ಮಾತನ್ನು ಸುಲಭವಾಗಿ ತಳ್ಳಿಹಾಕಲಾರ. ನಮ್ಮ ಧರ್ಮಕೇಂದ್ರಗಳಲ್ಲಿ ಮಹಿಳಾ ಸಂಘವೆಂದರೆ ಹಬ್ಬದ ದಿನ ಊಟ ಬಡಿಸುವ ಸಂಘವೆಂದೇ ತಿಳಿದವರು ಈ ಸಂಗತಿಯನ್ನು ಒಮ್ಮೆ ಗಮನಿಸಬೇಕು.

ಹೊರಗಿನವರು ಬಂದದ್ದು ಅನಂತರ. 1997ರ ಜುಲೈಯಲ್ಲಿ ನ್ಯೂಜಿಲೆಂಡ್ ತನ್ನ ಬರ್ನ್‌ಹ್ಯಾಮ್ ಸೇನಾ ಶಿಬಿರಕ್ಕೆ ಬೋಗನ್‌ವಿಲ್‌ನ ಎರಡೂ ಪಾಳೆಯಗಳವರನ್ನು ಕರೆಸಿಕೊಂಡಿತು. ಅನ್ನ, ಆಶ್ರಯ, ರಕ್ಷಣೆಯನ್ನು ಕೊಟ್ಟಿತು. ಮಾತುಕತೆಯ ಕೋಣೆಯಲ್ಲಿ ಮಾತ್ರ ತಾನು ಕೂರಲಿಲ್ಲ. ಮೊದಲು ದ್ವೀಪದವರು ತಮ್ಮತಮ್ಮೊಳಗೆ ಮಾತನಾಡಿಕೊಳ್ಳಲಿ, ಸರ್ಕಾರದೊಡನೆ ಮಾತು ಆಮೇಲೆ ಎಂಬ ಕ್ರಮವಿತ್ತು. ಹಾಗೆಯೇ ಅಕ್ಟೋಬರಿನಲ್ಲಿ ಕದನವಿರಾಮಕ್ಕೆ ಸಹಿ ಬಿದ್ದಿತು. ಮಧ್ಯಸ್ಥನಾದವನು ತನ್ನ ಜಾಣ್ಮೆಯನ್ನು ತೋರಿಸಲು ಹೋಗದೆ ಬಾಗಿಲಾಚೆ ಕಾದು ಕುಳಿತ ಈ ಉದಾಹರಣೆ ಅಪರೂಪದ್ದು.

ಕದನವಿರಾಮವನ್ನು ನೋಡಿಕೊಳ್ಳಲು ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಫಿಜಿ, ವನುವಾಟು ದೇಶಗಳವರು ಬಂದರು, ಬಂದೂಕಿಲ್ಲದೆ ಬಂದರು. 1998ರ ಮೇ ತಿಂಗಳಿಂದ 2003ರವರೆಗೆ ಆಸ್ಟ್ರೇಲಿಯಾದ ನೇತೃತ್ವದಲ್ಲಿ ಇದ್ದ ಶಾಂತಿ ವೀಕ್ಷಕ ತಂಡವೂ ನಿರಾಯುಧವಾಗಿಯೇ ಇತ್ತು. ಎದ್ದು ಕಾಣುವ ಹಳದಿ ಅಂಗಿ ತೊಟ್ಟು, ಊರೂರು ನಡೆದು, ಒಪ್ಪಂದದಲ್ಲಿ ಏನಿದೆಯೆಂದು ಜನರಿಗೆ ತಿಳಿಹೇಳುವುದು, ಕಂಡದ್ದನ್ನು ವರದಿ ಮಾಡುವುದು: ಇಷ್ಟೇ ಅವರ ಕೆಲಸ. ಸ್ತ್ರೀಯರೊಡನೆ ಮಾತನಾಡಲು ತಂಡದಲ್ಲಿ ಸ್ತ್ರೀಯರೂ ಇದ್ದರು. ಇದು ಸೈನಿಕರ ದೊಡ್ಡತನದಿಂದಲೇ ಆದದ್ದೆಂದು ಹೇಳಲಾಗದು. ಆಸ್ಟ್ರೇಲಿಯಾಕ್ಕೆ ಮೊದಲು ಇದರ ಬಗ್ಗೆ ಅಳುಕೇ ಇತ್ತು. ಆದರೆ ಅದು ಸರ್ಕಾರಕ್ಕೆ ಕೊಟ್ಟಿದ್ದ ಹೆಲಿಕಾಪ್ಟರುಗಳು ತಮ್ಮ ಮೇಲೆ ಗುಂಡು ಸುರಿಸಿದ್ದನ್ನು ಕಂಡಿದ್ದ ಬಂಡುಕೋರರು ಆಯುಧ ಹಿಡಿದ ವಿದೇಶಿಯರನ್ನು ಒಪ್ಪುವ ಸ್ಥಿತಿಯಲ್ಲಿರಲಿಲ್ಲ. ಹೀಗೆ ಅನಿವಾರ್ಯವಾಗಿ ಬಂದ ನಿರಾಯುಧತೆಯೇ ತಂಡದ ಬಲವಾಯಿತು. ಅತಿಥಿಯ ಕೈಯಲ್ಲಿ ಆಯುಧವಿಲ್ಲದಿದ್ದರೆ ಅವನ ಪ್ರಾಣದ ಹೊಣೆ ಮನೆಯವರದಾಗುತ್ತದೆ. ಊರವರು ಆ ಹೊಣೆಯನ್ನು ಹೊತ್ತರು. ವೀಕ್ಷಕರಲ್ಲಿ ಒಬ್ಬರೂ ಗುಂಡಿಗೆ ಬಲಿಯಾಗಲಿಲ್ಲ.

ಭಾರತೀಯರಾದ ನಮಗೆ ಇದರ ಬೆಲೆ ತಿಳಿಯಲು ಬೇರೊಂದು ದ್ವೀಪದ ನೆನಪು ಸಾಕು. 1987ರಲ್ಲಿ ಶಾಂತಿಪಾಲನೆಗೆಂದು ಶ್ರೀಲಂಕೆಗೆ ಹೋದ ನಮ್ಮ ಸೇನೆ ಕೆಲವೇ ತಿಂಗಳುಗಳಲ್ಲಿ ಯುದ್ಧದ ಪಕ್ಷವಾಗಿಬಿಟ್ಟಿತು. 1990ರಲ್ಲಿ ಮರಳಿ ಬರುವಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತ್ತು. ಆ ಸೈನಿಕರ ಧೈರ್ಯದಲ್ಲಿ ಕೊರತೆಯಿರಲಿಲ್ಲ. ಅವರಿಗೆ ಒಪ್ಪಿಸಿದ ಕೆಲಸವೇ ಬೇರೆಯಾಗಿತ್ತು.

2001ರ ಆಗಸ್ಟ್ 30ರಂದು ಅರಾವಾದಲ್ಲಿ ಶಾಂತಿ ಒಪ್ಪಂದಕ್ಕೆ ಸಹಿಯಾಯಿತು. ಆಯುಧಗಳನ್ನು ಕಂಟೈನರುಗಳಲ್ಲಿಟ್ಟು ಎರಡು ಬೀಗ ಹಾಕಲಾಯಿತು: ಒಂದರ ಕೀಲಿ ಸ್ಥಳೀಯ ದಳಪತಿಯಲ್ಲಿ, ಇನ್ನೊಂದು ವಿಶ್ವಸಂಸ್ಥೆಯ ಪುಟ್ಟ ಕಚೇರಿಯಲ್ಲಿ. ಊರುಗಳಲ್ಲಿ ಕೊಂದವರ ಕುಲಕ್ಕೂ ಸತ್ತವರ ಕುಲಕ್ಕೂ ನಡುವೆ ರಾಜಿಯ ವಿಧಿಗಳು ನಡೆದವು. ಬಾಣ ಮುರಿದು, ಒಟ್ಟಿಗೆ ಅಡಿಕೆ ಜಗಿದು, ಪ್ರಾರ್ಥಿಸಿ ಮಾಡುವ ಇಂಥ ವಿಧಿಯ ಮೊದಲ ಹಂತವನ್ನು ಅಲ್ಲಿಯವರು ‘ಬೆಲ್ ಕೋಲ್’ ಎನ್ನುತ್ತಾರೆ. ಹೊಟ್ಟೆ ತಣ್ಣಗಾಗುವುದು ಎಂದು ಅದರ ಅರ್ಥ. ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ಹರಸುವ ಅಜ್ಜಿಯರ ಮನೆಗಳಲ್ಲಿ ಬೆಳೆದ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟು ಮೆಚ್ಚಿದ ಮೇಲೆ ಈ ಸಂಧಾನದ ದೋಷವನ್ನೂ ಹೇಳಬೇಕು. ಮುಖ್ಯ ಪ್ರಶ್ನೆಯಾದ ಸ್ವಾತಂತ್ರ್ಯವನ್ನು ಒಪ್ಪಂದ ಮುಂದೂಡಿತು. ಸ್ವಾಯತ್ತ ಸರ್ಕಾರ ರಚನೆಯಾಗಿ ಹತ್ತರಿಂದ ಹದಿನೈದು ವರ್ಷಗಳೊಳಗೆ ಜನಮತಗಣನೆ ನಡೆಯಬೇಕು; ಆದರೆ ಫಲಿತಾಂಶಕ್ಕೆ ಪಪುವಾ ನ್ಯೂಗಿನಿಯ ಸಂಸತ್ತಿನ ಒಪ್ಪಿಗೆ ಬೇಕು. ಒಂದೇ ವಾಕ್ಯವನ್ನು ದ್ವೀಪದವರು ಸ್ವಾತಂತ್ರ್ಯದ ಭರವಸೆಯೆಂದು ಓದಿದರು, ರಾಜಧಾನಿಯವರು ದೇಶ ಒಡೆಯದೆಂಬ ಭರವಸೆಯೆಂದು ಓದಿದರು. ಮಧ್ಯಸ್ಥರು ಇಬ್ಬರನ್ನೂ ತಿದ್ದಲಿಲ್ಲ. ರಕ್ತ ಹರಿಯುತ್ತಿರುವಾಗ ಮುಂದೂಡುವುದೂ ಒಂದು ಚಿಕಿತ್ಸೆಯೆಂಬುದನ್ನು ನಾನು ಒಪ್ಪುತ್ತೇನೆ. ಆ ವರ್ಷಗಳಲ್ಲಿ ಒಂದು ಪೀಳಿಗೆ ಗುಂಡಿನ ಸದ್ದಿಲ್ಲದೆ ಬೆಳೆಯಿತು, ಅದು ಸಣ್ಣ ಲಾಭವಲ್ಲ. ಆದರೆ ಎರಡು ಅರ್ಥವಿರುವ ಮಾತನ್ನು ತಿಳಿದೂ ತಿಳಿದೂ ಬರೆದು, ಅದನ್ನು ಬಿಡಿಸುವ ಕಷ್ಟವನ್ನು ಮಕ್ಕಳ ತಲೆಗೆ ಕಟ್ಟಿದ್ದು ಸಾಲ ಮಾಡಿ ಮನೆ ಕಟ್ಟಿದಂತೆಯೇ ಸರಿ.

ಸಾಲದ ಪತ್ರ 2019ರಲ್ಲಿ ಮುಂದೆ ಬಂದಿತು. ನವೆಂಬರ್ 23ರಿಂದ ಡಿಸೆಂಬರ್ 7ರವರೆಗೆ ನಡೆದ ಮತದಾನದಲ್ಲಿ 1,76,928 ಮಂದಿ ಸ್ವಾತಂತ್ರ್ಯವನ್ನು ಆರಿಸಿದರು. ಹೆಚ್ಚಿನ ಸ್ವಾಯತ್ತತೆ ಸಾಕೆಂದವರು 3,043 ಮಂದಿ. ಮರುವರ್ಷ ದ್ವೀಪದ ಅಧ್ಯಕ್ಷರಾದವರು ಬಂಡುಕೋರ ಪಡೆಯ ಹಿಂದಿನ ದಳಪತಿ ಇಷ್ಮಾಯೇಲ್ ಟೊರೊವಾಮಾ. ಫಲಿತಾಂಶವನ್ನು ಸಂಸತ್ತು ಯಾವ ಕ್ರಮದಲ್ಲಿ, ಎಷ್ಟು ಬಹುಮತದಿಂದ ಅಂಗೀಕರಿಸಬೇಕು ಎಂಬ ವಾದ ಅಲ್ಲಿಂದ ವರ್ಷಗಟ್ಟಲೆ ಎಳೆಯಿತು. 2024ರಲ್ಲಿ ಇಬ್ಬರಿಗೂ ನಡುವಿನವರಾಗಿ ಬಂದವರು ನ್ಯೂಜಿಲೆಂಡಿನ ಮಾಜಿ ಗವರ್ನರ್ ಜನರಲ್ ಜೆರ್ರಿ ಮಟೆಪರೆ; ಹಿಂದೆ ಸೇನಾಧಿಕಾರಿಯಾಗಿದ್ದಾಗ ಆ ದ್ವೀಪದ ನಿರಾಯುಧ ತಂಡದಲ್ಲಿ ಸೇವೆ ಸಲ್ಲಿಸಿದ್ದವರು. 2025ರ ಜೂನಿನಲ್ಲಿ ನಾಯಕರು ಮತ್ತೆ ಸೇರಿದ್ದು ಅದೇ ಬರ್ನ್‌ಹ್ಯಾಮ್ ಶಿಬಿರದಲ್ಲಿ. ಬೋಗನ್‌ವಿಲ್‌ನ ಮುಖಂಡರು ತಮ್ಮ ಸ್ವಾತಂತ್ರ್ಯಕ್ಕೆ 2027ರ ಸೆಪ್ಟೆಂಬರ್ 1ನ್ನು ಗೊತ್ತುಮಾಡಿಕೊಂಡಿದ್ದಾರೆ.

ಕಾದಂಬರಿಯ ಕೊನೆಯಲ್ಲಿ ಬೆಳೆದು ದೊಡ್ಡವಳಾದ ಮಟಿಲ್ಡಾ ಊರಿಗೆ ಮರಳಲು ನಿರ್ಧರಿಸುತ್ತಾಳೆ. ಯಾವ ಊರಿಗೆ, ಅಲ್ಲಿ ಯಾರಿದ್ದಾರೆ ಎಂದು ಲೇಖಕರು ಹೇಳುವುದಿಲ್ಲ. ಅವಳು ನಿಜವಾಗಿದ್ದರೆ 2019ರಲ್ಲಿ ನಲವತ್ತು ದಾಟಿದ ಹೆಂಗಸಾಗಿ, ಡೊಲೊರೆಸಳ ಓರಗೆಯಲ್ಲಿ ಉಳಿದ ಮುದುಕಿಯರ ಜೊತೆ ಮತಗಟ್ಟೆಯ ಸಾಲಿನಲ್ಲಿ ನಿಂತಿರುತ್ತಿದ್ದಳು. ಆ ಸಾಲನ್ನು ಯಾರಾದರೂ ಬರೆಯಬೇಕು. ಬರೆಯುವವರು ಈ ಸಲ ದ್ವೀಪದವರೇ ಆದರೆ ಚೆನ್ನು.