ಸರದಿ ಬರುವ ತನಕ

ಜಾಮ್ ಕೇಳಿ ಬಂದವರನ್ನು ಎಲ್ಲರೂ ಕೇಳುವುದು ಒಂದೇ ಮಾತು: ಯಾರು ಚೆನ್ನಾಗಿ ನುಡಿಸಿದರು? ದಾದರಿನ ಒಂದು ಹವ್ಯಾಸಿ ಜಾಜ್ ಗುಂಪಿನ ವಾರದ ಜಾಮ್‌ಗೆ ಒಂದು ವರ್ಷದಿಂದ ಹೋಗಿ ಮೂಲೆಯಲ್ಲಿ ಕೂರುತ್ತಿದ್ದೇನೆ. ಈ ಪ್ರಶ್ನೆಗೆ ಉತ್ತರ ಹೇಳುವುದು ವಾರದಿಂದ ವಾರಕ್ಕೆ ಕಷ್ಟವಾಗುತ್ತಿದೆ. ಅಲ್ಲಿಯ ಒಳ್ಳೆಯ ಸಂಜೆಗೂ ಕೆಟ್ಟ ಸಂಜೆಗೂ ಇರುವ ವ್ಯತ್ಯಾಸ ಸೋಲೋ ನುಡಿಸಿದವರಿಂದ ಬರುವುದಲ್ಲ. ಆ ಹೊತ್ತಿನಲ್ಲಿ ಉಳಿದವರು ಏನು ಮಾಡುತ್ತಿದ್ದರು ಎನ್ನುವುದರಿಂದ ಬರುತ್ತದೆ.

ಈ ಗುಂಪಿಗೆ ಹೆಸರಿಲ್ಲ. ವಾಟ್ಸಾಪ್ ಗ್ರೂಪಿಗೆ ಒಂದು ಹೆಸರಿದೆ, ಅದನ್ನೂ ಯಾರಾದರೂ ತಮಾಷೆಗೆ ಬದಲಾಯಿಸುತ್ತಿರುತ್ತಾರೆ. ಸೇರುವುದು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಒಂದು ಜಾಮ್ ರೂಮಿನಲ್ಲಿ. ಗೋಡೆಗೆ ಸ್ಪಂಜು, ಒಂದು ಡ್ರಮ್ ಸೆಟ್, ಎರಡು ಆಂಪ್ಲಿಫೈಯರ್, ಏಳು ಜನ ನಿಂತರೆ ಎಂಟನೆಯವರು ಬಾಗಿಲಿಗೆ ಒರಗಬೇಕು. ಬಾಡಿಗೆಯನ್ನು ಬಂದವರೆಲ್ಲ ಹಂಚಿಕೊಳ್ಳುತ್ತಾರೆ. ಕೇಳಲು ಮಾತ್ರ ಬರುವ ನಾನೂ ಕೊಡುತ್ತೇನೆ. ಊರಿಗೆ ಹೋಗುವ ನಮಗೆ ದಾದರ್ ಎಂದರೆ ಶರಾವತಿ, ಚಾಲುಕ್ಯ ಎಕ್ಸ್‌ಪ್ರೆಸ್ ಹಿಡಿಯುವ ಸ್ಟೇಷನ್ನು. ಇವರಿಗೆ ಅದು ಪಶ್ಚಿಮ ಲೈನೂ ಸೆಂಟ್ರಲ್ ಲೈನೂ ಕೂಡುವ ಜಾಗ. ವಿರಾರ್ ಕಡೆಯವರೂ ಕಲ್ಯಾಣ್ ಕಡೆಯವರೂ ಗಾಡಿ ಬದಲಿಸದೆ ಬಂದು ಇಳಿಯಬಹುದು. ಸ್ಯಾಕ್ಸೊಫೋನಿನವರು ಬ್ಯಾಂಕಿನಲ್ಲಿದ್ದಾರೆ. ಕೀಬೋರ್ಡಿಗೆ ಒಬ್ಬರು ದಂತವೈದ್ಯೆ. ಡ್ರಮ್ಸಿಗೆ ವರ್ಷಗಳಿಂದ ಸಿ.ಎ. ಪರೀಕ್ಷೆ ಬರೆಯುತ್ತಲೇ ಇರುವ ಹುಡುಗ. ಗಿಟಾರಿಗೆ ಧಾರವಾಡದ ಒಬ್ಬ ಸಾಫ್ಟ್‌ವೇರಿನವ. ಬೇಸ್ ಗಿಟಾರಿಗೆ ರೈಲ್ವೆಯಿಂದ ನಿವೃತ್ತರಾದ ಒಬ್ಬ ಹಿರಿಯರು, ಎಲ್ಲರಿಗೂ ಅಂಕಲ್.

ಆಟದ ಕ್ರಮ ಗೊತ್ತಿಲ್ಲದವರಿಗೆ ಎರಡು ಮಾತು. ಮೊದಲು ಎಲ್ಲರೂ ಸೇರಿ ಹಾಡಿನ ಧಾಟಿಯನ್ನು ಒಮ್ಮೆ ನುಡಿಸುತ್ತಾರೆ, ಅದು ಹೆಡ್. ಆಮೇಲೆ ಧಾಟಿಯನ್ನು ಬಿಟ್ಟು, ಅದರ ಕೆಳಗಿರುವ ಕಾರ್ಡ್‌ಗಳ ಸರಣಿಯನ್ನು ಮಾತ್ರ ಸುತ್ತು ಸುತ್ತಾಗಿ ಮರಳಿ ಮರಳಿ ನುಡಿಸುತ್ತಾರೆ. ಆ ಸುತ್ತಿನ ಮೇಲೆ ಒಬ್ಬೊಬ್ಬರೂ ಸರದಿಯಲ್ಲಿ ತಮ್ಮದನ್ನು ಆಗಿಂದಾಗ ಕಟ್ಟುತ್ತಾರೆ. ಕೊನೆಗೆ ಡ್ರಮ್ಸಿನೊಂದಿಗೆ ನಾಲ್ಕು ನಾಲ್ಕು ಬಾರ್‌ಗಳ ಸವಾಲು ಜವಾಬು, ಮತ್ತೆ ಹೆಡ್, ಮುಕ್ತಾಯ. ಒಬ್ಬರು ಸೋಲೋದಲ್ಲಿರುವಾಗ ಕೀಬೋರ್ಡು, ಗಿಟಾರಿನವರು ಹಿಂದಿನಿಂದ ಕಾರ್ಡ್‌ಗಳನ್ನು ಇಡುತ್ತಾ ಆಸರೆ ಕೊಡುವುದಕ್ಕೆ ಕಾಂಪಿಂಗ್ ಎನ್ನುತ್ತಾರೆ. ಎಷ್ಟು ಇಡಬೇಕು, ಯಾವಾಗ ಇಡಬಾರದು ಎನ್ನುವುದರಲ್ಲೇ ಅದರ ವಿದ್ಯೆಯೆಲ್ಲ ಇದೆ. ದಾದರಿನಲ್ಲಿ ಹೆಚ್ಚಾಗಿ ಬರುವುದು ಕಲಿಯುವವರೆಲ್ಲ ಹಿಡಿಯುವ ಹಾಡುಗಳೇ: ಜೋಸೆಫ್ ಕೋಸ್ಮಾ 1945ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ, ಈಗ 'ಆಟಮ್ ಲೀವ್ಸ್' ಎಂದು ಜಗತ್ತಿಗೆಲ್ಲ ಗೊತ್ತಿರುವ ಧಾಟಿ, ಮೈಲ್ಸ್ ಡೇವಿಸ್‌ನ 'ಸೋ ವಾಟ್', ಕೆನ್ನಿ ಡಾರಮ್‌ನ 'ಬ್ಲೂ ಬೋಸಾ'.

ಇದನ್ನು ಕಂಡ ಕೂಡಲೇ ನಮ್ಮವರು ಹೇಳುವುದು, "ಇದು ನಮ್ಮ ರಾಗಾಲಾಪದ ಹಾಗೆಯೇ ಅಲ್ಲವೆ, ಮನೋಧರ್ಮ!" ಫ್ಯೂಶನ್ ಕಛೇರಿಗಳ ನಿರೂಪಕರು ಈ ಮಾತನ್ನು ಸವೆಸಿ ಸವೆಸಿ ನುಣ್ಣಗೆ ಮಾಡಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ರಾಗಸಂಗೀತದ ಕಛೇರಿಗೆ ಒಬ್ಬ ಯಜಮಾನನಿದ್ದಾನೆ. ಪಕ್ಕವಾದ್ಯದವರು ಎಷ್ಟೇ ದೊಡ್ಡವರಿರಲಿ, ಆ ಹೊತ್ತಿಗೆ ಅವನ ಹಿಂದೆ ನಡೆಯುತ್ತಾರೆ. ಜಾಮಿನಲ್ಲಿ ಯಜಮಾನಿಕೆ ಪ್ರತಿ ಎರಡು ನಿಮಿಷಕ್ಕೆ ಕೈ ಬದಲಾಗುತ್ತದೆ. ಈಗ ಮುಂದಿದ್ದವರು ಮರುಕ್ಷಣ ಹಿಂದಿನವರು. ಕಾಲ ಯಾರಿಗೂ ಕಾಯುವುದಿಲ್ಲ; ಕಾರ್ಡ್ ಬದಲಾಗುವ ಹೊತ್ತಿಗೆ ಬದಲಾಗಿಯೇ ತೀರುತ್ತದೆ.

ನಮ್ಮಲ್ಲಿ ಇದಕ್ಕೆ ನಿಜವಾಗಿ ಹತ್ತಿರದ್ದು ಯಾವುದೆಂದರೆ ತಾಳಮದ್ದಳೆ. ಕರಾವಳಿ, ಕಾಸರಗೋಡು ಕಡೆಯ ಓದುಗರಿಗೆ ವಿವರಿಸಬೇಕಿಲ್ಲ. ಉಳಿದವರಿಗೆ: ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಚೆಂಡೆ ಮದ್ದಳೆ ಇರುತ್ತವೆ, ಕುಳಿತ ಅರ್ಥಧಾರಿಗಳು ಪಾತ್ರವಾಗಿ ಆಗಿಂದಾಗ ಮಾತು ಕಟ್ಟುತ್ತಾರೆ. ಪದ್ಯ ಎಲ್ಲರಿಗೂ ಗೊತ್ತಿರುವುದು. ಅರ್ಥ ಆ ರಾತ್ರಿಯದು. ಪದ್ಯವೇ ಹೆಡ್, ಅರ್ಥವೇ ಸೋಲೋ. ಊರಲ್ಲಿ ಇದಕ್ಕೆ ಇರುವ ಹೆಸರೂ ಕೂಟ. ದೇವಸ್ಥಾನದ ಚಾವಡಿಯಲ್ಲಿ ಮೇಷ್ಟ್ರು, ಅಂಗಡಿಯವರು, ಕೃಷಿಕರು ಸೇರಿ ನಡೆಸುವುದು ವಾರದ ಕೂಟ. ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೂ ಬಂದು ಕೂಟ ನಡೆಸುತ್ತಾರೆ. ಕನ್ನಡದಲ್ಲಿ ಜಾಮ್ ಸೆಶನ್ನಿಗೆ ಪದ ಹುಡುಕುವವರು ದೂರ ಹೋಗಬೇಕಿಲ್ಲ.

'ವಾಲಿಮೋಕ್ಷ' ತೆಗೆದುಕೊಳ್ಳಿ. ಮರೆಯಿಂದ ಬಾಣ ಬಿಟ್ಟ ರಾಮನನ್ನು ಬಿದ್ದ ವಾಲಿ ಪ್ರಶ್ನಿಸುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ನೆನೆಯುವವರು ಶೇಣಿಯವರ ಮಾತನ್ನೇ ನೆನೆಯುತ್ತಾರೆ, ಸರಿ. ಆದರೆ ಅಂಥ ವಾಲಿ ಹುಟ್ಟಬೇಕಾದರೆ ಎದುರಿನ ರಾಮ ಕಿವಿ ತೆರೆದು ಕುಳಿತಿರಬೇಕು. ವಾಲಿಯ ಕೊನೆಯ ಮಾತಿನ ತುದಿಯನ್ನೇ ಹಿಡಿದು ತನ್ನ ಅರ್ಥ ಎತ್ತಬೇಕು, ಉತ್ತರದಲ್ಲಿ ವಾಲಿಗೆ ಮತ್ತೊಂದು ಬಾಗಿಲು ತೆರೆದಿಡಬೇಕು. ಮನೆಯಿಂದ ಬಾಯಿಪಾಠ ಮಾಡಿಕೊಂಡು ಬಂದ ರಾಮನಿದ್ದರೆ ಇಬ್ಬರೂ ಬೇರೆ ಬೇರೆ ಊರಲ್ಲಿ ಕುಳಿತು ಭಾಷಣ ಮಾಡಿದ ಹಾಗಿರುತ್ತದೆ. ಇನ್ನೊಂದು ಬಗೆಯ ಕೇಡೂ ಇದೆ: ಎದುರಿನವನನ್ನು ಬಾಯಿ ಮುಚ್ಚಿಸಿದರೆ ಗೆದ್ದೆ ಎಂದು ತಿಳಿದು, ಪ್ರಸಂಗ ಬಿಟ್ಟು ವ್ಯಾಕರಣಕ್ಕೆ ಇಳಿದು, ರಾತ್ರಿ ಎರಡು ಗಂಟೆಯಾದರೂ ರಾಮನನ್ನು ಬಾಣದಿಂದ ಮುಂದೆ ಹೋಗಲು ಬಿಡದಿರುವುದು. ಕೂಟದ ಹಳೆಯ ಪ್ರೇಕ್ಷಕರು ಇದನ್ನೆಲ್ಲ ತಕ್ಷಣ ಗುರುತಿಸುತ್ತಾರೆ. ನಾನು ದಾದರಿಗೆ ಒಯ್ಯುವುದು ಆ ಕಿವಿಯನ್ನೇ.

ಆ ಕಿವಿಯಿಂದ ಕೇಳಿದರೆ ಈ ಗುಂಪಿನ ದೊಡ್ಡ ದೋಷ ಸ್ವರ ತಪ್ಪುವುದಲ್ಲ. ತಪ್ಪಿದ ಸ್ವರಗಳಿಗೆ ನಾನು ಬೇಗ ಒಗ್ಗಿಕೊಂಡೆ, ಒಮ್ಮೊಮ್ಮೆ ಅವೇ ಚೆನ್ನಾಗಿರುತ್ತವೆ. ದೋಷ ಉದ್ದದ್ದು. 'ಬ್ಲೂ ಬೋಸಾ' ಹದಿನಾರು ಬಾರ್‌ಗಳ ಸಣ್ಣ ಹಾಡು. ಅವರು ನುಡಿಸುವ ವೇಗದಲ್ಲಿ ಒಂದು ಸುತ್ತಿಗೆ ಸುಮಾರು ಅರ್ಧ ನಿಮಿಷ. ಒಬ್ಬರು ಹತ್ತು ಸುತ್ತು ನುಡಿಸಿದರೆ ಐದು ನಿಮಿಷ. ಅದರಲ್ಲಿ ಕೊನೆಯ ಏಳು ಸುತ್ತುಗಳಲ್ಲಿ ಹೊಸದೇನೂ ಇರುವುದಿಲ್ಲ, ಬೆರಳಿನ ಅಭ್ಯಾಸ ಮಾತ್ರ. ಏಳು ಜನ ಹೀಗೆ ಮಾಡಿದರೆ ಅರ್ಧ ಗಂಟೆ ದಾಟಿತು. ಅಷ್ಟು ಹೊತ್ತೂ ಬೇಸಿನ ಅಂಕಲ್ ಅದೇ ಹದಿನಾರು ಬಾರ್‌ಗಳನ್ನು ಎಪ್ಪತ್ತು ಸಲ ಹೊತ್ತಿರುತ್ತಾರೆ. ಸರದಿ ಮುಗಿದವರು ಮೊಬೈಲು ತೆಗೆಯುತ್ತಾರೆ. ಸರದಿ ಬರಬೇಕಾದವರು ಮನಸ್ಸಿನಲ್ಲೇ ತಮ್ಮ ಸೋಲೋ ನುಡಿಸಿಕೊಳ್ಳುತ್ತಿರುತ್ತಾರೆ. ಮುಖ ನೋಡಿದರೆ ಗೊತ್ತಾಗುತ್ತದೆ. ಕೋಣೆಯಲ್ಲಿ ಏಳು ಜನ ಇದ್ದರೂ ಕೇಳುತ್ತಿರುವವರು ಅಂಕಲ್, ಡ್ರಮ್ಸಿನ ಹುಡುಗ, ನಾನು.

"ಹವ್ಯಾಸಿಗಳು ಮಾರಾಯ್ರೆ, ಇಡೀ ವಾರ ದುಡಿದು ಬಂದಿದ್ದಾರೆ, ಬಿಡಿ" ಎಂದು ನನ್ನ ರೂಮ್‌ಮೇಟ್ ಹೇಳುತ್ತಾನೆ. ಮುಂಬಯಿಯ ನಮ್ಮ ಕನ್ನಡ ಕಾರ್ಯಕ್ರಮಗಳಲ್ಲಿ ಈ ಔದಾರ್ಯದ ಕೊಯ್ಲು ನಾವು ಸಾಕಷ್ಟು ಕಂಡಿದ್ದೇವೆ. ನಾಟಕ ಹೇಗೇ ಇರಲಿ, ಕೊನೆಗೆ ಶಾಲು, ಹಾರ, "ಕೆಲಸದ ಒತ್ತಡದ ನಡುವೆಯೂ" ಎಂದು ಶುರುವಾಗುವ ಭಾಷಣ. ಹವ್ಯಾಸಿಯನ್ನು ವಿಮರ್ಶಿಸದಿರುವುದು ಗೌರವವಲ್ಲ. ಇವನಿಂದ ಇದಕ್ಕಿಂತ ಹೆಚ್ಚಿನದು ಆಗದು ಎಂದು ಮೊದಲೇ ತೀರ್ಮಾನಿಸಿಬಿಡುವ ವಿಧಾನ ಅದು.

ಹಾಗೆಂದು ಹಳೆಯ ಜಾಮುಗಳ ಕ್ರೌರ್ಯ ಬೇಕೆಂದೂ ನಾನು ಹೇಳುವುದಿಲ್ಲ. 1940ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಹಾರ್ಲೆಮಿನ ಮಿಂಟನ್ಸ್ ಕ್ಲಬ್ಬಿನಲ್ಲಿ ಬೀಬಾಪ್ ರೂಪುಗೊಂಡದ್ದು ಇಂಥ ಜಾಮುಗಳಲ್ಲೇ. ಥೆಲೋನಿಯಸ್ ಮಂಕ್, ಕೆನ್ನಿ ಕ್ಲಾರ್ಕ್ ಅಲ್ಲಿಯ ಕಾಯಂ ವಾದಕರು. ಕೈಲಾಗದವರು ತಾವಾಗಿ ಇಳಿದುಹೋಗಲಿ ಎಂದು ಕಷ್ಟದ ಶ್ರುತಿ, ಕಷ್ಟದ ಕಾರ್ಡ್‌ಗಳನ್ನು ಹಿಡಿಯುತ್ತಿದ್ದರು. ಹದಿಹರೆಯದ ಚಾರ್ಲಿ ಪಾರ್ಕರ್ ಕಾನ್ಸಾಸ್ ಸಿಟಿಯ ಜಾಮಿನಲ್ಲಿ ದಾರಿ ತಪ್ಪಿದಾಗ ಡ್ರಮ್ಸಿನ ಜೋ ಜೋನ್ಸ್ ಸಿಂಬಲನ್ನು ನೆಲಕ್ಕೆಸೆದ ಕಥೆ ಪ್ರಸಿದ್ಧ. ಆ ಹುಡುಗ ಹಟ ಹಿಡಿದು ಪಾರ್ಕರ್ ಆದ ಎಂದು ಕಥೆಗೆ ಚಂದದ ಕೊನೆ ಹಚ್ಚುತ್ತಾರೆ. ಸಿಂಬಲ್ ಬಿದ್ದ ಮೇಲೆ ಮರಳಿ ಬಾರದೆ ಹೋದವರ ಲೆಕ್ಕ ಯಾರೂ ಇಟ್ಟಿಲ್ಲ.

ಮುಂಬಯಿಯಲ್ಲಿ ಈ ಮಾತಿಗೆ ಬೇರೆಯದೇ ಚರಿತ್ರೆಯಿದೆ. ಅರವತ್ತರ ದಶಕದಲ್ಲಿ ಇಲ್ಲಿ ಜಾಮ್ ಸೆಶನ್ ಎಂದರೆ ಕಾಲೇಜು ಹುಡುಗ ಹುಡುಗಿಯರು ಹಗಲಿನಲ್ಲಿ ಸೇರುವ ಡಾನ್ಸ್ ಎಂದೇ ಹೆಚ್ಚಿನವರ ತಿಳಿವಳಿಕೆ. ಸಂಗೀತ ಅದಕ್ಕಿಂತ ಮೊದಲೇ ಬಂದಿತ್ತು. 1935ರಲ್ಲಿ ಲಿಯಾನ್ ಅಬೆಯ ಬ್ಯಾಂಡ್ ತಾಜ್ ಹೋಟೆಲಿನಲ್ಲಿ ನುಡಿಸಿತು. ಆ ಕಾಲದ ಕಥೆಯನ್ನು ನರೇಶ್ ಫರ್ನಾಂಡಿಸ್ 'ತಾಜ್ ಮಹಲ್ ಫಾಕ್ಸ್‌ಟ್ರಾಟ್'ನಲ್ಲಿ ಬರೆದಿದ್ದಾರೆ. ಅದನ್ನು ಕಲಿತು ಉಳಿಸಿದವರು ಗೋವೆಯಿಂದ ವಲಸೆ ಬಂದವರು. ಚರ್ಚಿನ ಶಾಲೆಗಳಲ್ಲಿ ನೊಟೇಶನ್ ಕಲಿತಿದ್ದ ಅವರು ಹಗಲು ಹಿಂದಿ ಸಿನಿಮಾ ಸ್ಟುಡಿಯೋಗಳಲ್ಲಿ ಬೇರೆಯವರ ಧಾಟಿಗೆ ವಾದ್ಯಗಳ ಭಾಗ ಬರೆದರು, ಬರೆದದ್ದನ್ನು ನುಡಿಸಿದರು. ರಾತ್ರಿ ಹೋಟೆಲುಗಳಲ್ಲಿ ಜಾಜ್. ಶಂಕರ್ ಜೈಕಿಶನ್ ಹಾಡುಗಳ ಹಿಂದೆ ಸೆಬಾಸ್ಟಿಯನ್ ಡಿಸೋಜಾ ಇದ್ದರು. 'ಚಿಕ್ ಚಾಕಲೇಟ್' ಎಂದೇ ಹೆಸರಾಗಿದ್ದ ಆಂಟೋನಿಯೊ ಶಾವಿಯರ್ ವಾಜ್ ಅವರ ಬ್ಯಾಂಡು 1951ರ 'ಅಲ್ಬೇಲಾ'ದಲ್ಲಿ ತೆರೆಯ ಮೇಲೆಯೇ ಕಾಣಿಸುತ್ತದೆ. ಆ ಚಿತ್ರ ಮಾಡಿ ಕುಣಿದ ಭಗವಾನ್ ದಾದಾ ಗಿರಣಿ ಕಾರ್ಮಿಕರ ಮನೆಯವರು. ಜುಹುವಿನ ಬಂಗಲೆ, ಕಾರುಗಳೆಲ್ಲ ಹೋದ ಮೇಲೆ ದಾದರಿನ ಚಾಳಿಗೆ ಮರಳಿದರು, 2002ರಲ್ಲಿ ತೀರಿಕೊಂಡದ್ದೂ ದಾದರಿನಲ್ಲೇ. ಜಾಜ್ ಎಂದರೆ ಕೊಲಾಬಾದವರದು ಎನ್ನುವವರು ಇದನ್ನು ನೆನಪಿಡಬಹುದು.

ಆ ಗೋವೆಯ ವಾದಕರಿಗೆ ಸಂಗೀತವೇ ಹೊಟ್ಟೆಪಾಡು. ಹಗಲೆಲ್ಲ ಹಾಳೆಯಲ್ಲಿದ್ದದ್ದನ್ನು ನುಡಿಸಿದವರಿಗೆ ಹಾಳೆಯಿಲ್ಲದೆ ನುಡಿಸುವುದು ಬಿಡುಗಡೆ. ದಾದರಿನ ಕೋಣೆಯವರ ಸ್ಥಿತಿ ಬೇರೆ. ಅವರ ಹಗಲಿನ ಕೆಲಸದಲ್ಲಿ ಅವರ ಮಾತನ್ನು ಯಾರೂ ಪೂರ್ತಿ ಕೇಳುವುದಿಲ್ಲ. ಮೀಟಿಂಗಿನಲ್ಲಿ ಮ್ಯೂಟ್, ಲೋಕಲಿನಲ್ಲಿ ಮೊಣಕೈ. ವಾರಕ್ಕೊಮ್ಮೆ ಐದು ನಿಮಿಷ ಎಲ್ಲರೂ ತನಗಾಗಿ ತಾಳ ಹಿಡಿಯುತ್ತಾರೆ ಎಂದಾಗ ಆ ಐದು ನಿಮಿಷ ಬಿಡಲು ಮನಸ್ಸಾಗದಿರುವುದು ನನಗೆ ಅರ್ಥವಾಗುತ್ತದೆ. ವಲಸೆ ಬಂದವರಿಗೆ ಎಲ್ಲರಿಗೂ ಅರ್ಥವಾಗಬೇಕು. ಆದರೆ ಏಳು ಜನರೂ ಕೇಳಿಸಿಕೊಳ್ಳಲೆಂದೇ ಬಂದರೆ ಕೇಳುವವರು ಯಾರು? ಅಂಕಲ್ ಎರಡು ವಾರ ಬರಲಿಲ್ಲ. ಬೆನ್ನು ನೋವು ಎಂದರು. ಬೇಸ್ ಇಲ್ಲದ ಆ ಎರಡು ವಾರಗಳಲ್ಲಿ ಸೋಲೋಗಳು ಇನ್ನಷ್ಟು ಉದ್ದವಾದವು, ಕಾಲಡಿಯಲ್ಲಿ ನೆಲವಿರಲಿಲ್ಲ.

ಅಂಕಲ್ ಮರಳಿದ ಮೇಲೆ ದಂತವೈದ್ಯೆ ಒಂದು ನಿಯಮ ತಂದರು: ಒಬ್ಬರಿಗೆ ಎರಡೇ ಸುತ್ತು. ಅಸಮಾಧಾನವಿತ್ತು. ಸ್ಯಾಕ್ಸೊಫೋನಿನವರು ಮೊದಲ ವಾರ ಹತ್ತು ಸುತ್ತಿನ ಸರಕನ್ನೆಲ್ಲ ಎರಡರಲ್ಲಿ ತುರುಕಿದರು. ವಿರಾರ್ ಫಾಸ್ಟ್ ಲೋಕಲಿನ ಹಾಗಿತ್ತು. ಆದರೆ ಮೂರನೆಯ ವಾರ 'ಆಟಮ್ ಲೀವ್ಸ್'ನಲ್ಲಿ ಧಾರವಾಡದ ಹುಡುಗ ತನ್ನ ಸರದಿ ಬಂದಾಗ ಮೊದಲ ನಾಲ್ಕು ಬಾರ್ ಏನೂ ನುಡಿಸಲಿಲ್ಲ. ಮರೆತನೆಂದುಕೊಂಡು ಎಲ್ಲರೂ ತಲೆಯೆತ್ತಿದರು. ಆ ಖಾಲಿಯಲ್ಲಿ ಬೇಸಿನ ನಡೆ ಕೋಣೆಗೆ ಸ್ಪಷ್ಟವಾಗಿ ಕೇಳಿಸಿತು. ಅಂಕಲ್ ಆ ಹೊತ್ತಿಗೆ ಎಂದಿನ ದಾರಿ ಬಿಟ್ಟು ಮೇಲಿನ ತಂತಿಗೆ ಹತ್ತುತ್ತಿದ್ದರು. ಹುಡುಗ ಅವರ ಕೊನೆಯ ಮೂರು ಸ್ವರಗಳನ್ನೇ ಎತ್ತಿಕೊಂಡು ಶುರುಮಾಡಿದ. ದಂತವೈದ್ಯೆ ಎಡಗೈ ಎತ್ತಿ ತೊಡೆಯ ಮೇಲಿಟ್ಟುಕೊಂಡು ಬಲಗೈಯಿಂದ ಎರಡೇ ಸ್ವರ ಇಟ್ಟರು. ಡ್ರಮ್ಸ್ ಕೋಲು ಬಿಟ್ಟು ಬ್ರಶ್ಶಿಗೆ ಬಂತು. ಆ ಎರಡು ಸುತ್ತು, ಹೆಚ್ಚೆಂದರೆ ಎರಡು ನಿಮಿಷ, ನಾನು ಒಂದು ವರ್ಷದಲ್ಲಿ ಅಲ್ಲಿ ಕೇಳಿದ ಅತ್ಯುತ್ತಮ ಸಂಗೀತ. ಅದನ್ನು ನುಡಿಸಿದವರು ಯಾರು ಎಂದು ಕೇಳಿದರೆ ನನಗೆ ಹೇಳಲು ಬಾರದು.

ಬೆಂಗಳೂರಿನ ಆರ್.ಎ. ರಮಾಮಣಿ, ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ ಚಾರ್ಲಿ ಮರಿಯಾನೊ 1983ರಲ್ಲಿ ಮಾಡಿದ 'ಜ್ಯೋತಿ' ಆಲ್ಬಮ್ಮನ್ನು ಅವನಿಗೆ ಕಳಿಸಿದೆ. ಸ್ಯಾಕ್ಸೊಫೋನಿನ ಅಷ್ಟು ದೊಡ್ಡ ವಾದಕ ಅಲ್ಲಿ ರಮಾಮಣಿಯವರ ದನಿಯ ಪಕ್ಕದಲ್ಲಿ ನಡೆಯುವ ರೀತಿಯನ್ನು ಕೇಳು, ಎಂದು. ಫ್ಯೂಶನ್ ಎಂಬ ಹೆಸರಿನಲ್ಲಿ ಬಂದವುಗಳಲ್ಲಿ ನಾನು ಮತ್ತೆ ಮತ್ತೆ ಕೇಳುವ ಕೆಲವೇ ಆಲ್ಬಮ್ಮುಗಳಲ್ಲಿ ಅದೊಂದು. "ಕೇಳಿದೆ ಸರ, ಆದ್ರ ನಾ ಅವತ್ತ ಬೇಕಂತ ಸುಮ್ನಿದ್ದಿದ್ದಿಲ್ರಿ. ಅಂಕಲ್ ಏನೋ ಹೊಸಾದು ಬಾರಿಸ್ಲಿಕ್ಕತ್ತಿದ್ರು, ಮುಗೀಲಿ ಅಂತ ಕಾಯ್ದೆ" ಎಂದ.

ಮುಂದಿನ ವಾರ ಅಂಕಲ್‌ಗೂ ಎರಡು ಸುತ್ತು ಸೋಲೋ ಕೊಡಬೇಕೆಂದು ಎಲ್ಲರೂ ಒತ್ತಾಯ ಮಾಡಿದರು. ಅವರು ಬೇಡವೆಂದರು. ಕೊನೆಯ ನಾಲ್ಕು ಬಾರ್ ಸವಾಲು ಜವಾಬಿನಲ್ಲಿ ಒಮ್ಮೆ ಮಾತ್ರ ಸೇರಿಸಿಕೊಳ್ಳಿ ಎಂದು, ಆಂಪ್ಲಿಫೈಯರಿನ ವಾಲ್ಯೂಮ್ ಸ್ವಲ್ಪ ಏರಿಸಿಕೊಂಡು, ಎಂದಿನ ಜಾಗದಲ್ಲಿ ಬಾಗಿಲ ಪಕ್ಕ ಕುಳಿತರು.