ಕ್ಷೇತ್ರಗಳೂ ಸರಳರೇಖೆಯೂ

ಈಚೆಗೆ ತರಗತಿಯಲ್ಲಿ ಹರಿಹರನ ಕಣ್ಣಪ್ಪನ ರಗಳೆಯನ್ನು ಪಾಠ ಹೇಳುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿ ಎದ್ದು, “ಸಾರ್, ಕಣ್ಣಪ್ಪನ ಕಾಳಹಸ್ತಿ ಕೇದಾರದ ನೇರಕ್ಕೇ ಇದೆಯಂತೆ, ನಿಜವೆ?” ಎಂದು ಕೇಳಿದ. ತನ್ನ ಮೊಬೈಲಿಗೆ ಬಂದಿದ್ದ ಬರಹವನ್ನೂ ತೋರಿಸಿದ. ಕೇದಾರನಾಥ, ಕಾಳೇಶ್ವರ, ಕಾಳಹಸ್ತಿ, ಕಂಚಿ, ತಿರುವಣ್ಣಾಮಲೆ, ತಿರುವಾನೈಕಾವಲ್, ಚಿದಂಬರ, ರಾಮೇಶ್ವರ—ಈ ಎಂಟು ಶಿವಕ್ಷೇತ್ರಗಳೂ 79 ಡಿಗ್ರಿ ಪೂರ್ವ ರೇಖಾಂಶದ ಮೇಲೆ ಒಂದೇ ಗೆರೆಯಲ್ಲಿವೆ. ಉಪಗ್ರಹಗಳಿಲ್ಲದ ಕಾಲದಲ್ಲಿ ಹಿರಿಯರು ಇದನ್ನು ಸಾಧಿಸಿದ್ದು ಹೇಗೆ? ಇದು ಅದರ ಸಾರ. ತಾಳೆಗರಿಯ ಮೇಲಿರಲಿ, ಮೊಬೈಲಿನಲ್ಲಿರಲಿ, ಪಠ್ಯವೆಂದ ಮೇಲೆ ಅದನ್ನು ವಿಮರ್ಶೆಗೆ ಒಡ್ಡಲೇಬೇಕು.

ಮೊದಲು ನಕ್ಷೆಯನ್ನು ನೋಡೋಣ. ಕೇದಾರವೂ ತಿರುವಣ್ಣಾಮಲೆಯೂ 79.07 ಡಿಗ್ರಿಯಲ್ಲಿವೆ, ಇದು ಸರಿ. ಆದರೆ ತಿರುವಾನೈಕಾವಲ್ 78.71ರಲ್ಲಿದೆ, ಕಾಳೇಶ್ವರ 79.91ರಲ್ಲಿದೆ. ಅಂದರೆ ಈ ‘ಗೆರೆ’ಯ ಅಗಲ ಸುಮಾರು 130 ಕಿಲೋಮೀಟರು! ಇದನ್ನು ಗೆರೆ ಎನ್ನುವುದಕ್ಕಿಂತ ಸೀಮೆ ಎನ್ನುವುದೇ ಮೇಲು. ತೇವಾರದ ಕವಿಗಳು ಹಾಡಿದ ಶಿವಸ್ಥಳಗಳು ಸುಮಾರು 275. ಅವುಗಳಲ್ಲಿ ಬಹುಪಾಲು ಚೋಳನಾಡಿನವು. ತಿರುಚಿರಾಪಳ್ಳಿಯಿಂದ ಕಡಲವರೆಗಿನ ಕಾವೇರಿಯ ಬಯಲು ಹೆಚ್ಚುಕಡಿಮೆ ಪೂರ್ತಿಯಾಗಿ ಇದೇ ಪಟ್ಟಿಯೊಳಗಿದೆ. ಅಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೂ ಅದು ಒಂದು ಶಿವಾಲಯದ ಬಳಿಯೇ ಬಿದ್ದೀತು.

ಬರಹಗಾರರು ಬಿಟ್ಟುಬಿಟ್ಟದ್ದು ಇನ್ನೂ ಸ್ವಾರಸ್ಯವಾಗಿದೆ. ಶ್ರೀಶೈಲವಿರುವುದು 78.87ರಲ್ಲಿ, 79ಕ್ಕೆ ಕಾಳಹಸ್ತಿಗಿಂತ ಅದೇ ಹತ್ತಿರ. ಅಕ್ಕಮಹಾದೇವಿಯ ಮಲ್ಲಿಕಾರ್ಜುನನಿಗೆ ಈ ಪಟ್ಟಿಯಲ್ಲಿ ಸ್ಥಾನವಿಲ್ಲ. ಕಾಶಿಯೂ ಸೋಮನಾಥವೂ ದೂರವಾದವೆಂದು ಬಿಟ್ಟದ್ದು ಅರ್ಥವಾಗುತ್ತದೆ, ಶ್ರೀಶೈಲವನ್ನು ಬಿಟ್ಟದ್ದೇಕೆ? ಬರೆದವರು ಗೆರೆಯನ್ನು ನಿಜವಾಗಿ ಎಳೆದು ನೋಡಲೇ ಇಲ್ಲವೆಂದು ತೋರುತ್ತದೆ.

ಇಂಥ ಬರಹಗಳಿಗೆ ಪೂರ್ವಜರುಂಟು. ಇಂಗ್ಲೆಂಡಿನ ಹೆರಿಫೋರ್ಡ್ ಊರಿನ ಆಲ್‌ಫ್ರೆಡ್ ವಾಟ್ಕಿನ್ಸ್ 1921ರಲ್ಲಿ, ಹಳೆಯ ದಿಣ್ಣೆ, ನಿಲುಗಲ್ಲು, ಚರ್ಚುಗಳು ನೇರ ಗೆರೆಗಳಲ್ಲಿ ನಿಂತಿರುವುದನ್ನು ಕಂಡೆನೆಂದರು. 1925ರಲ್ಲಿ ‘ದಿ ಓಲ್ಡ್ ಸ್ಟ್ರೇಟ್ ಟ್ರ್ಯಾಕ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಅವರು ಮಾಂತ್ರಿಕರಲ್ಲ, ಛಾಯಾಗ್ರಾಹಕರು, ತಮ್ಮ ಸೀಮೆಯನ್ನು ಕಾಲ್ನಡೆಯಲ್ಲಿ ಸುತ್ತಿದವರು. ಆ ಗೆರೆಗಳು ಪ್ರಾಚೀನ ವರ್ತಕರ ದಾರಿಗಳೆಂದಷ್ಟೇ ಅವರ ಊಹೆ. ನಾಡಿನ ಮೇಲಿನ ಪ್ರೀತಿ ಅವರ ಗ್ರಂಥದ ಗುಣ. ಬಿಂದುಗಳು ಹೆಚ್ಚಿದಷ್ಟೂ ಗೆರೆಗಳು ತಾವಾಗಿಯೇ ಹುಟ್ಟುತ್ತವೆಂಬುದನ್ನು ಮರೆತದ್ದು ದೋಷ. 2010ರಲ್ಲಿ ಗಣಿತಜ್ಞ ಮ್ಯಾಟ್ ಪಾರ್ಕರ್ ಮುಚ್ಚಿಹೋಗಿದ್ದ ವುಲ್‌ವರ್ತ್ಸ್ ಅಂಗಡಿಗಳ 800 ನೆಲೆಗಳನ್ನು ತೆಗೆದುಕೊಂಡು, ಅವುಗಳಲ್ಲಿಯೂ ಅಂಥವೇ ಅದ್ಭುತ ಗೆರೆಗಳನ್ನೂ ತ್ರಿಕೋನಗಳನ್ನೂ ತೋರಿಸಿಕೊಟ್ಟರು. ಆ ಅಂಗಡಿಗಳನ್ನು ಯಾವ ಋಷಿಯೂ ಸ್ಥಾಪಿಸಿರಲಿಲ್ಲ.

ಹಾಗಾದರೆ ಎಲ್ಲವೂ ಸುಳ್ಳೆ? ಹಾಗೆನ್ನುವುದು ಪ್ರಾಮಾಣಿಕತೆಯಲ್ಲ. ಕಾಳಹಸ್ತಿ, ಕಂಚಿ, ಚಿದಂಬರ ಈ ಮೂರೂ 79.7ರ ಆಸುಪಾಸಿನಲ್ಲಿವೆ, ಅವುಗಳೊಳಗಿನ ಓರೆ ಒಂದು ಕಿಲೋಮೀಟರಿನಷ್ಟು. ನೋಡಿದವರಿಗೆ ಬೆರಗಾಗುವುದು ಸಹಜ. ಆದರೆ ಪಂಚಭೂತಸ್ಥಳಗಳಲ್ಲಿ ಉಳಿದ ಎರಡು, ಅಗ್ನಿಯ ತಿರುವಣ್ಣಾಮಲೆ ಮತ್ತು ಜಲದ ತಿರುವಾನೈಕಾವಲ್, ಆ ಗೆರೆಗೆ ಸುಮಾರು 70 ಮತ್ತು 110 ಕಿಲೋಮೀಟರು ಪಶ್ಚಿಮಕ್ಕಿವೆ. ಐವರನ್ನು ಒಂದೇ ಗೆರೆಯಲ್ಲಿ ಕೂರಿಸಲು ಹೊರಟವರು ಇಬ್ಬರನ್ನು ಇಷ್ಟು ದೂರ ಬಿಡುತ್ತಿದ್ದರೆ?

ಇನ್ನೊಂದು ಮಾತು. ನಮ್ಮ ಪ್ರಾಚೀನರು ರೇಖಾಂಶವನ್ನು ಅರಿಯದವರಲ್ಲ. ಸೂರ್ಯಸಿದ್ಧಾಂತವು ಲಂಕೆಯಿಂದ ಮೇರುವಿಗೆ ಹೋಗುವ ಮಧ್ಯರೇಖೆಯನ್ನು ಹೇಳಿ, ಅದರ ಮೇಲಿನ ಅವಂತಿ, ರೋಹೀತಕಗಳನ್ನು ಹೆಸರಿಸುತ್ತದೆ; ಚಂದ್ರಗ್ರಹಣದ ವೇಳೆಯಿಂದ ಊರುಗಳ ಅಂತರವನ್ನು ತಿಳಿಯುವ ಉಪಾಯವನ್ನೂ ಹೇಳುತ್ತದೆ. ಅವಂತಿಯೆಂದರೆ ಉಜ್ಜಯಿನಿ, ಇರುವುದು 75.8ರ ಬಳಿ, ರೋಹೀತಕವೆಂದು ಗುರುತಿಸುವ ರೋಹ್ಟಕ್ 76.6ರ ಬಳಿ. ಗೆರೆ ಬೇಕಾದಾಗ ಅವರು ಗೆರೆಯೆಂದೇ ಬರೆದರು. ಶಾಸ್ತ್ರಜ್ಞರ ಆ ಗೆರೆಯೂ ಇಷ್ಟು ಓರೆಯಾಗಿತ್ತು. ಅವರು ಹೇಳದ ಗೆರೆಯನ್ನು ಅವರ ತಲೆಗೆ ಕಟ್ಟಿ ಹೊಗಳುವುದು, ಅವರು ನಿಜವಾಗಿ ಸಾಧಿಸಿದ್ದನ್ನು ಓದದಿರುವುದಕ್ಕೆ ಒಂದು ನೆಪವಾಗುತ್ತಿದೆ.

ನನ್ನ ಆಕ್ಷೇಪ ಭಕ್ತಿಯ ಮೇಲಲ್ಲ. ಭಕ್ತಿಗೆ ಇಂಥ ಅಗ್ಗದ ಸಾಕ್ಷಿಯನ್ನು ಹುಡುಕುವುದರ ಮೇಲೆ. ನಾಳೆ ಯಾರಾದರೂ ಅಳೆದು ನೋಡಿದರೆ ಗೆರೆ ಅಳಿಸಿಹೋಗುತ್ತದೆ. ಅದರ ಮೇಲೆ ಕಟ್ಟಿದ ನಂಬಿಕೆಯ ಗತಿಯೇನು? ಕಾಳಹಸ್ತಿ ಕನ್ನಡಿಗನ ಮನಸ್ಸಿಗೆ ಬಂದದ್ದು ರೇಖಾಂಶದ ಮೂಲಕವಲ್ಲ, ಹರಿಹರನ ಮೂಲಕ. ಆಮೇಲೆ 1954ರ ‘ಬೇಡರ ಕಣ್ಣಪ್ಪ’ ಚಿತ್ರದ ಮೂಲಕ.

ಆ ಹುಡುಗನಿಗೆ ಇದಿಷ್ಟನ್ನೂ ಹೇಳಿ ಮತ್ತೆ ಪಾಠಕ್ಕೆ ಬಂದೆ. ಎರಡನೆಯ ಕಣ್ಣನ್ನೂ ಕಿತ್ತಮೇಲೆ ಕುರುಡಾಗುವೆನೆಂದು ಕಣ್ಣಪ್ಪ, ಲಿಂಗದ ಕಣ್ಣಿರುವ ಎಡೆ ತಪ್ಪದಿರಲೆಂದು, ಅಲ್ಲಿ ತನ್ನ ಪಾದವನ್ನಿಟ್ಟುಕೊಂಡ ಕಥೆಯನ್ನು ಹೇಳಿದೆ. ಹುಡುಗ ಮೊಬೈಲನ್ನು ಜೇಬಿಗೆ ಸೇರಿಸಿ, “ಕಾಲನ್ನೆ ಸಾರ್, ದೇವರ ಮೇಲೆ?” ಎಂದ. ಪಾಠ ಅಲ್ಲಿಂದ ಮುಂದೆ ಸಾಗಿತು.