ಗಾಳಿ ಬಂದಾಗ ತೂರಿಕೊಳ್ಳುವವರು ಯಾರು?

ಉಡುಪಿ ಜಿಲ್ಲೆಯ ನಕ್ಷೆಯನ್ನು ಎದುರಿಗಿಟ್ಟುಕೊಂಡರೆ ಈ ದೇಶದ ವಿದ್ಯುತ್ ಚರ್ಚೆಯೆಲ್ಲ ಅದರಲ್ಲೇ ಕಾಣಿಸುತ್ತದೆ. ದಕ್ಷಿಣದ ಎಲ್ಲೂರಿನಲ್ಲಿ ವಿದೇಶದಿಂದ ಬಂದ ಕಲ್ಲಿದ್ದಲು ಉರಿಯುತ್ತದೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಪಡುಬಿದ್ರೆಯಲ್ಲಿ ಸುಜ್ಲಾನ್ ಕಂಪೆನಿಯ ಗಾಳಿಯಂತ್ರದ ರೆಕ್ಕೆಗಳ ಕಾರ್ಖಾನೆಯಿದೆ. ಉತ್ತರಕ್ಕೆ, ಕುಂದಾಪುರ ತಾಲೂಕಿನ ಹೊಸಂಗಡಿಯಲ್ಲಿ, ಬೆಟ್ಟದ ಹೊಟ್ಟೆಯೊಳಗೆ ವಾರಾಹಿ ನದಿಯ ನೀರು ಟರ್ಬೈನು ತಿರುಗಿಸುತ್ತದೆ. ಕಲ್ಲಿದ್ದಲು, ಗಾಳಿ, ನೀರು ಮೂರೂ ಇಲ್ಲಿವೆ. ಆದರೆ ಈ ಮೂರರಲ್ಲಿ ಯಾವುದು ಬೇಕು, ಎಷ್ಟು ಬೇಕು, ಎಲ್ಲಿ ಬೇಕು ಎಂದು ಇಲ್ಲಿನ ಜನರನ್ನು ಕೇಳಿದ್ದು ಎಷ್ಟು ಸಲ?

ಗಾಳಿ ವಿದ್ಯುತ್ತಿನ ಬಗ್ಗೆ ನಮ್ಮಲ್ಲಿ ನಡೆಯುತ್ತಿರುವ ಚರ್ಚೆಯ ದೊಡ್ಡ ದೋಷ ಇದೇ. ಒಂದು ಪಕ್ಷ ಗಾಳಿಯಂತ್ರವನ್ನು ಸರ್ವರೋಗಕ್ಕೆ ಮದ್ದು ಎನ್ನುತ್ತದೆ. ಇನ್ನೊಂದು ಪಕ್ಷ ಅದನ್ನು ಕಂಪೆನಿಗಳ ಆಟಿಕೆ ಎಂದು ತಳ್ಳಿಹಾಕುತ್ತದೆ. ಇಬ್ಬರೂ ಯಂತ್ರದ ಬಗ್ಗೆ ಮಾತನಾಡುತ್ತಾರೆಯೇ ಹೊರತು ಆ ಯಂತ್ರದ ಬುಡದಲ್ಲಿರುವ ನೆಲ ಮತ್ತು ಜನರ ಬಗ್ಗೆ ಅಲ್ಲ.

ಮೊದಲು ಕಲ್ಲಿದ್ದಲಿನ ಲೆಕ್ಕ ನೋಡೋಣ. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಯೇ ಇಲ್ಲ. ಆದರೂ 600 ಮೆಗಾವ್ಯಾಟಿನ ಎರಡು ಘಟಕಗಳ ಸ್ಥಾವರ ಎಲ್ಲೂರಿಗೆ ಬಂತು. ಮೊದಲ ಘಟಕ 2010ರಲ್ಲಿ, ಎರಡನೆಯದು 2012ರಲ್ಲಿ ಉತ್ಪಾದನೆ ಆರಂಭಿಸಿತು. ಲ್ಯಾಂಕೋ ಕೈಯಲ್ಲಿದ್ದ ಸ್ಥಾವರ 2015ರಲ್ಲಿ ಅದಾನಿ ಪಾಲಾಯಿತು. ಹಾರುಬೂದಿ, ಉಪ್ಪುನೀರು, ಬಾಡಿದ ಮಲ್ಲಿಗೆ ಗಿಡಗಳ ಬಗ್ಗೆ ಸುತ್ತಲಿನ ಕೃಷಿಕರು ವರ್ಷಗಟ್ಟಲೆ ದೂರಿದರು. ಕೊನೆಗೆ 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸ್ಥಾವರಕ್ಕೆ 52 ಕೋಟಿ ರೂಪಾಯಿಗೂ ಹೆಚ್ಚಿನ ಪರಿಸರ ಪರಿಹಾರ ವಿಧಿಸಿ ಆದೇಶ ನೀಡಿತು. ಕಲ್ಲಿದ್ದಲಿನ ವಿದ್ಯುತ್ ಅಗ್ಗ ಎನ್ನುವವರು ತಮ್ಮ ಲೆಕ್ಕದ ಪುಸ್ತಕದಲ್ಲಿ ಈ ಬಾಡಿದ ಮಲ್ಲಿಗೆಗೂ ಒಂದು ಕಾಲಂ ಇಡಬೇಕಲ್ಲವೇ?

ಇದು ಎಲ್ಲೂರಿನ ಸಮಸ್ಯೆ, ನಮಗೇನು ಎಂದು ಕುಂದಾಪುರದವರು ಕೈಕಟ್ಟಿ ಕೂರುವಂತಿಲ್ಲ. ಕಲ್ಲಿದ್ದಲಿನ ಹೊಗೆಗೆ ತಾಲೂಕಿನ ಗಡಿ ಗೊತ್ತಿಲ್ಲ. ಅರಬಿ ಸಮುದ್ರ ಬಿಸಿಯಾಗುತ್ತಿದೆ ಎಂದು ಹವಾಮಾನ ವಿಜ್ಞಾನಿಗಳು ಹೇಳುತ್ತಲೇ ಇದ್ದಾರೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಹಾದುಹೋದಾಗ ಮರವಂತೆಯ ಕಡಲತೀರದ ಮನೆಗಳವರು ಅದನ್ನು ಕಣ್ಣಾರೆ ಕಂಡರು. ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಕಡಲು, ನಡುವೆ ಒಂದು ಹೆದ್ದಾರಿ ಇರುವ ಊರಿಗೆ ಸಮುದ್ರ ಮಟ್ಟದ ಏರಿಕೆ ಪುಸ್ತಕದ ಪಾಠವಲ್ಲ.

ಹಾಗಾದರೆ ಗಾಳಿ? ಕರ್ನಾಟಕದ ಗಾಳಿ ವಿದ್ಯುತ್ ಸಾಮರ್ಥ್ಯ 2025ರಲ್ಲಿ 7 ಸಾವಿರ ಮೆಗಾವ್ಯಾಟ್ ದಾಟಿತು. ದೇಶದ ಒಟ್ಟು ಸಾಮರ್ಥ್ಯ ಅದೇ ವರ್ಷ 50 ಸಾವಿರ ಮೆಗಾವ್ಯಾಟ್ ಮುಟ್ಟಿತು. ಗಾಳಿ ವಿದ್ಯುತ್ ದುಬಾರಿ ಎಂಬ ಹಳೆಯ ವಾದ 2017ರಲ್ಲೇ ಸತ್ತುಹೋಯಿತು. ಆ ವರ್ಷದ ಆರಂಭದ ಹರಾಜಿನಲ್ಲಿ ಯೂನಿಟ್‌ಗೆ 3.46 ರೂ. ಇದ್ದ ದರ ವರ್ಷದ ಕೊನೆಗೆ ಗುಜರಾತಿನ ಹರಾಜಿನಲ್ಲಿ 2.43ಕ್ಕೆ ಇಳಿಯಿತು. ಗಾಳಿಯಂತ್ರಗಳು ಮಳೆಮೋಡ ಓಡಿಸುತ್ತವೆ ಎಂಬ ಇನ್ನೊಂದು ದೂರು 2000ದ ದಶಕದಲ್ಲಿ ಮಹಾರಾಷ್ಟ್ರದ ಬರಪೀಡಿತ ಹಳ್ಳಿಗಳಲ್ಲಿ ಎದ್ದಿತ್ತು. ನೂರಿನ್ನೂರು ಮೀಟರ್ ಎತ್ತರದ ಯಂತ್ರಕ್ಕೆ ಹಲವು ಕಿಲೋಮೀಟರ್ ದಪ್ಪದ ಮುಂಗಾರನ್ನು ತಡೆಯುವ ತಾಕತ್ತಿಲ್ಲ. ಆದರೆ ಆ ದೂರನ್ನು ಮೂಢನಂಬಿಕೆ ಎಂದು ನಕ್ಕುಬಿಡುವುದೂ ತಪ್ಪು. ತಮ್ಮ ಗುಡ್ಡದ ಮೇಲೆ ಹೇಳದೆ ಕೇಳದೆ ಎದ್ದು ನಿಂತ ಯಂತ್ರದ ಮೇಲೆ ಜನರಿಗಿದ್ದ ಅವಿಶ್ವಾಸ ಆ ಮಾತಿನಲ್ಲಿತ್ತು.

ಗಾಳಿಯ ಪರವಾಗಿ ಮಾತನಾಡುವವರೂ ಕೆಲವು ಸತ್ಯಗಳನ್ನು ಮರೆಮಾಚುತ್ತಾರೆ. ಗಾಳಿಯ ವೇಗ ಅರ್ಧಕ್ಕಿಳಿದರೆ ಅದರಲ್ಲಿರುವ ಶಕ್ತಿ ಅರ್ಧಕ್ಕಲ್ಲ, ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದಲೇ ಗಾಳಿಯಂತ್ರಗಳು ಚಿತ್ರದುರ್ಗ, ಗದಗದ ಬಯಲು ಮತ್ತು ಗುಡ್ಡಗಳಲ್ಲಿ ಸಾಲುಗಟ್ಟಿವೆ. ನಮ್ಮ ಕರಾವಳಿಯ ತೆಂಗಿನ ತೋಟಗಳ ನಡುವೆ ಅಲ್ಲ. ಕಡಲ ಗಾಳಿ ಮುಖಕ್ಕೆ ಹಿತವಾಗಿದ್ದ ಮಾತ್ರಕ್ಕೆ ಟರ್ಬೈನಿಗೂ ಸಾಕಾಗುತ್ತದೆ ಎಂದೇನಿಲ್ಲ. ಸಮುದ್ರದೊಳಗೇ ಯಂತ್ರ ನಿಲ್ಲಿಸುವ ಯೋಜನೆಗೆ ಕೇಂದ್ರ ಸರಕಾರ 2024ರಲ್ಲಿ 7,453 ಕೋಟಿ ರೂಪಾಯಿಯ ನೆರವು ಮಂಜೂರು ಮಾಡಿದಾಗಲೂ ಆಯ್ಕೆಯಾದದ್ದು ಗುಜರಾತ್ ಮತ್ತು ತಮಿಳುನಾಡಿನ ತೀರ. ಇನ್ನು ಸಾವಿರ ಮೆಗಾವ್ಯಾಟಿನ ಗಾಳಿಯಂತ್ರ ವರ್ಷವಿಡೀ ಕೊಡುವ ವಿದ್ಯುತ್, ಅದರ ಪೂರ್ಣ ಸಾಮರ್ಥ್ಯದ ನಾಲ್ಕನೇ ಒಂದು ಪಾಲಿನ ಆಸುಪಾಸು. ಅದರಲ್ಲೂ ಬಹುಪಾಲು ಬರುವುದು ಜೂನ್‌ನಿಂದ ಸೆಪ್ಟೆಂಬರ್ ತನಕ. ಬಿಸಿಲು ಕಡಿಮೆಯಿರುವ ಮಳೆಗಾಲದಲ್ಲಿ ಗಾಳಿ ಹೆಚ್ಚು, ಗಾಳಿ ಮಲಗುವ ಬೇಸಿಗೆಯಲ್ಲಿ ಬಿಸಿಲು ಹೆಚ್ಚು ಎಂಬುದು ನಮ್ಮ ಪುಣ್ಯ. ಆದರೆ ಗಾಳಿಯೂ ಇಲ್ಲದ, ಬಿಸಿಲೂ ಇಲ್ಲದ ಸಂಜೆಗೆ ಏನು ಮಾಡುವುದು?

ಈ ಪ್ರಶ್ನೆಯ ಭಾರ ಕೊನೆಗೆ ಬಂದು ಬೀಳುವುದು ಪಶ್ಚಿಮ ಘಟ್ಟದ ಮೇಲೆ. ಹೆಚ್ಚುವರಿ ವಿದ್ಯುತ್ತಿನಿಂದ ನೀರನ್ನು ಮೇಲಕ್ಕೆತ್ತಿ, ಬೇಕಾದಾಗ ಕೆಳಗೆ ಬಿಟ್ಟು ಮತ್ತೆ ವಿದ್ಯುತ್ ತೆಗೆಯುವ ಪಂಪ್ಡ್ ಸ್ಟೋರೇಜ್ ವ್ಯವಸ್ಥೆಯೇ ಇದಕ್ಕೆ ಪರಿಹಾರ ಎನ್ನಲಾಗುತ್ತಿದೆ. ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಇಂಥ ಯೋಜನೆ ಸಿಂಗಳೀಕಗಳ ಅಭಯಾರಣ್ಯದೊಳಗೆ ಬರಲಿದೆ ಎಂಬ ಕಾರಣಕ್ಕೆ ಜನ ಅದನ್ನು ವಿರೋಧಿಸುತ್ತಿದ್ದಾರೆ. ಇಂಥ ಪ್ರಸ್ತಾಪಗಳ ಪಟ್ಟಿಯಲ್ಲಿ ನಮ್ಮ ವಾರಾಹಿಯ ಹೆಸರೂ ಬಂದಿದೆ. ಅಂದರೆ ಬಯಲುಸೀಮೆಯ ಗಾಳಿಗೂ ಹೊಸಂಗಡಿಯ ಕಾಡಿಗೂ ಸಂಬಂಧವಿದೆ. 460 ಮೆಗಾವ್ಯಾಟಿನ ವಾರಾಹಿ ವಿದ್ಯುದಾಗಾರಕ್ಕಾಗಿ ಒಮ್ಮೆ ಕಾಡನ್ನೂ ಊರನ್ನೂ ಬಿಟ್ಟುಕೊಟ್ಟ ಸೀಮೆ ಮತ್ತೊಮ್ಮೆ ಬಿಟ್ಟುಕೊಡಬೇಕೇ ಎಂಬುದನ್ನು ಬೆಂಗಳೂರಿನ ಕಚೇರಿಯಲ್ಲಿ ಮಾತ್ರ ತೀರ್ಮಾನಿಸಲಾಗದು.

ಇಲ್ಲೇ ಕಾನೂನಿನ ಒಂದು ಬಿರುಕನ್ನು ಗಮನಿಸಬೇಕು. 2006ರ ಪರಿಸರ ಪರಿಣಾಮ ಅಧಿಸೂಚನೆಯ ವ್ಯಾಪ್ತಿಗೆ ಗಾಳಿ ವಿದ್ಯುತ್ ಯೋಜನೆಗಳು ಬರುವುದಿಲ್ಲ. ಹಾಗಾಗಿ ಅವುಗಳಿಗೆ ಸಾರ್ವಜನಿಕ ಅಹವಾಲು ಸಭೆಯ ಕಡ್ಡಾಯವೂ ಇಲ್ಲ. ಹೊಗೆಯಿಲ್ಲ ಎಂದ ಮಾತ್ರಕ್ಕೆ ಹಾನಿಯಿಲ್ಲ ಎಂದು ಭಾವಿಸಿದ್ದರ ಫಲವಿದು. ಸಾತಾರಾದ ಚಾಳ್ಕೆವಾಡಿ ಪ್ರಸ್ಥಭೂಮಿಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಗಾಳಿಯಂತ್ರಗಳಿರುವಲ್ಲಿ ಬೇಟೆಯ ಹಕ್ಕಿಗಳು ಕಡಿಮೆಯಾಗಿ ಅವುಗಳ ಆಹಾರವಾದ ಓತಿಗಳು ಹೆಚ್ಚಿದ್ದನ್ನು ತೋರಿಸಿತು. ಇದರಿಂದ ಗಾಳಿಯಂತ್ರ ಬೇಡವೆಂದಾಗುವುದಿಲ್ಲ. ಎಲ್ಲಿ ಬೇಡ ಎಂಬುದನ್ನು ಮೊದಲೇ ಗುರುತಿಸಬೇಕೆಂದಾಗುತ್ತದೆ. ಕೊಡಚಾದ್ರಿಯ ನೆತ್ತಿಯೂ ಗದಗದ ಜೋಳದ ಹೊಲವೂ ಒಂದೇ ಅಲ್ಲ.

ಬ್ರಹ್ಮಾವರ ತಾಲೂಕಿನ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ಕಾರವಾರದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಆ ಕಾಲದಲ್ಲಿ ಅಂಥ ಹೋರಾಟಗಾರರ ಬಾಯಿ ಮುಚ್ಚಿಸಲು ‘ಹಾಗಾದರೆ ಪರ್ಯಾಯ ಏನು?’ ಎಂಬ ಒಂದು ಪ್ರಶ್ನೆ ಸಾಕಿತ್ತು. ಇಂದು ಪರ್ಯಾಯ ಇದೆ, ಅಗ್ಗವೂ ಆಗಿದೆ. ಈಗ ಕೇಳಬೇಕಾದದ್ದು ಬೇರೆ ಪ್ರಶ್ನೆ. ಪರ್ಯಾಯ ಯಾರ ಕೈಯಲ್ಲಿದೆ?

ಈ ಪ್ರಶ್ನೆ ಕರಾವಳಿಯ ಮುಸ್ಲಿಮರಿಗೆ ಇನ್ನಷ್ಟು ಹತ್ತಿರದ್ದು. ಶಿರೂರು, ಗಂಗೊಳ್ಳಿ, ಕಂಡ್ಲೂರಿನ ಎಷ್ಟೋ ಮನೆಗಳ ತಾರಸಿ ಎದ್ದದ್ದು ಕೊಲ್ಲಿಯ ದುಡಿಮೆಯಿಂದ, ಅಂದರೆ ಮೂಲದಲ್ಲಿ ಎಣ್ಣೆಯಿಂದ. ಆ ಎಣ್ಣೆಯ ನಾಡುಗಳೇ ಈಗ ಬೇರೆ ದಾರಿ ಹುಡುಕುತ್ತಿವೆ. ಅಬುಧಾಬಿ 2006ರಲ್ಲೇ ಮಸ್ದರ್ ಸಂಸ್ಥೆಯನ್ನು ಕಟ್ಟಿತು. ಸೌದಿ ಅರೇಬಿಯ ದೂಮತುಲ್ ಜಂದಲ್‌ನಲ್ಲಿ 400 ಮೆಗಾವ್ಯಾಟಿನ ಗಾಳಿ ವಿದ್ಯುತ್ ಕೇಂದ್ರ ಸ್ಥಾಪಿಸಿತು. ಎಣ್ಣೆ ಬಾವಿಯ ಒಡೆಯನೇ ನಾಳಿನ ಚಿಂತೆ ಮಾಡುವಾಗ, ಆ ಬಾವಿಯ ಕೂಲಿಯನ್ನು ನಂಬಿದ ಊರು ಚಿಂತಿಸದಿದ್ದರೆ ಹೇಗೆ? ನಮ್ಮ ಹುಡುಗರು ಎಲೆಕ್ಟ್ರಿಷಿಯನ್, ವೆಲ್ಡರ್ ಆಗಿ ಅಲ್ಲಿ ಕಲಿತ ಕೆಲಸಕ್ಕೆ ಇಲ್ಲಿ ಬೇಡಿಕೆ ಹುಟ್ಟುವಂತೆ ಮಾಡಬಲ್ಲ ಉದ್ಯಮವೇನಾದರೂ ಇದ್ದರೆ ಅದು ಇದೇ.

ಆದರೆ ನೀತಿ ಒಂದಕ್ಕೊಂದು ಅಡ್ಡ ನಿಂತಿದೆ. ಮನೆಯ ಚಾವಣಿಗೆ ಸೌರಫಲಕ ಹಾಕಿಸಿಕೊಂಡರೆ ಕೇಂದ್ರ ಸರಕಾರ 2024ರಲ್ಲಿ ಆರಂಭಿಸಿದ ಯೋಜನೆಯಡಿ 78 ಸಾವಿರ ರೂಪಾಯಿ ತನಕ ಸಹಾಯಧನವಿದೆ. ರಾಜ್ಯ ಸರಕಾರ 2023ರಿಂದ ಗೃಹಜ್ಯೋತಿಯಡಿ ತಿಂಗಳಿಗೆ 200 ಯೂನಿಟ್ ತನಕ ಉಚಿತ ಕೊಡುತ್ತಿದೆ. ಬಡವನ ಮನೆಗೆ ಬೆಳಕು ಬಂದದ್ದು ಒಳ್ಳೆಯದೇ. ಆದರೆ ಶೂನ್ಯ ಬಿಲ್ಲು ಬರುವ ಮನೆಯವನು ಸಾಲ ಮಾಡಿ ಫಲಕ ಯಾಕೆ ಹಾಕಿಸುತ್ತಾನೆ? ಉಚಿತ ವಿದ್ಯುತ್ತಿಗೆ ಸರಕಾರ ವರ್ಷ ವರ್ಷ ಸುರಿಯುವ ಹಣದ ಒಂದು ಪಾಲನ್ನು ಅದೇ ಬಡವನ ಚಾವಣಿಯ ಫಲಕಕ್ಕೆ ಕೊಟ್ಟರೆ ಅವನು ಫಲಾನುಭವಿಯಾಗುವ ಬದಲು ಉತ್ಪಾದಕನಾಗುತ್ತಾನೆ. ಸೀಮೆಎಣ್ಣೆಗಾಗಿ ಪರದಾಡುವ ನಾಡದೋಣಿಯವರು, ಡೀಸೆಲ್ ಬೆಲೆ ಏರಿದಾಗಲೆಲ್ಲ ತತ್ತರಿಸುವ ಬೋಟಿನವರು, ಗಂಗೊಳ್ಳಿಯ ಮಂಜುಗಡ್ಡೆ ಘಟಕಗಳು, ಕುಂದಾಪುರದ ಗೇರುಬೀಜ ಕಾರ್ಖಾನೆಗಳು, ಇವರ ಇಂಧನದ ಬಗ್ಗೆ ಯೋಚಿಸದ ಪರ್ಯಾಯ ಪರ್ಯಾಯವೇ ಅಲ್ಲ.

ಗಾಳಿ ಬಂದಾಗ ತೂರಿಕೋ ಎನ್ನುತ್ತದೆ ನಮ್ಮ ಗಾದೆ. ತೂರುವವನ ಕೈಯಲ್ಲಿ ಮೊರವೂ ಇರಬೇಕು, ಕಣವೂ ಅವನದಾಗಿರಬೇಕು. ಗಾಳಿಯಂತ್ರಕ್ಕೆ ಭೂಮಿ ಕೊಡುವ ರೈತನಿಗೆ ಒಂದು ಸಲದ ಬೆಲೆಯ ಬದಲು ವರ್ಷವರ್ಷದ ಪಾಲು ಸಿಗಲಿ. ಪಂಚಾಯತಿಗೆ ಆದಾಯದ ಭಾಗ ಬರಲಿ. ಗಾಳಿಯಿರಲಿ, ನೀರಿರಲಿ, ಜನರೆದುರು ಅಹವಾಲು ಸಭೆ ನಡೆಯದೆ ಒಂದು ಕಂಬವೂ ಏಳದಿರಲಿ. ಕಲ್ಲಿದ್ದಲನ್ನು ಬಿಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲೂರಿಗೆ ಆದದ್ದು ಇನ್ನೊಂದು ಹೆಸರಿನಲ್ಲಿ ಹೊಸಂಗಡಿಗೂ ಗದಗಕ್ಕೂ ಆಗುವುದಾದರೆ, ನಾವು ಬದಲಾಯಿಸಿದ್ದು ಇಂಧನವನ್ನು ಮಾತ್ರ. ಅನ್ಯಾಯ ಹಾಗೆಯೇ ಉಳಿದಿರುತ್ತದೆ.